ಬಾರದೆ ಹೋದ ದೂರು

ನಗರಸಭೆಯ ಈಜುಕೊಳದ ನೀರು ಕಳುವಾಗಿದೆ ಎಂಬ ಸುದ್ದಿ ಬಂದಾಗ ನಾನು ಕಂದಾಯದ ಕಿಟಕಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ. ಸೈಕಲ್ ಕಳುವಾಗುವುದನ್ನು ಕೇಳಿದ್ದೆ, ಬೀದಿದೀಪದ ಬಲ್ಬು ಕಳುವಾಗುವುದನ್ನು ಕಣ್ಣಾರೆ ಕಂಡಿದ್ದೆ. ಒಂದು ಕೊಳದ ನೀರನ್ನೇ ರಾತ್ರೋರಾತ್ರಿ ಹೊತ್ತುಕೊಂಡು ಹೋಗುವ ಭೂಪ ನಮ್ಮೂರಿನಲ್ಲಿ ಇದ್ದಾನೆಂದು ಮಾತ್ರ ಗೊತ್ತಿರಲಿಲ್ಲ.

ಸುದ್ದಿ ತಂದವಳು ಕೊಳ ನೋಡಿಕೊಳ್ಳುವವನ ಹೆಂಡತಿ. ಅವಳು ನನ್ನ ಕಿಟಕಿ ದಾಟಿ ನೇರವಾಗಿ ಪಕ್ಕದ ಕಿಟಕಿಗೆ ಹೋದಳು. ಅದು ದೂರುಗಳ ವಿಭಾಗ. ಅದರ ಮೇಲ್ವಿಚಾರಕಿ ನನ್ನ ಸ್ವಂತ ಚಿಕ್ಕಮ್ಮ. ಊರಿನವರು ಅವಳನ್ನು ದೂರಿನಮ್ಮ ಎನ್ನುತ್ತಾರೆ. ಯಾರಿಗೂ ಬಗೆಹರಿಯದ ಎಷ್ಟೋ ತಂಟೆಗಳನ್ನು ಅವಳು ಆ ಕುರ್ಚಿಯಲ್ಲಿ ಕೂತೇ ಬಿಡಿಸಿದ್ದಾಳೆ. ಅವಳಿಗೆ ಅದರ ಜಂಭವೂ ಉಂಟು. ಅವಳ ಜತೆ ಓಡಾಡಿ ಬೈಸಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

"ಅಕ್ಕಾ, ನಾನು ದೂರು ಬರೆಸೋಕೆ ಬಂದಿಲ್ಲ. ನಮ್ಮ ಮನೆಯವರನ್ನ ಉಳಿಸಿಕೊಡಿ," ಎಂದಳು ಆಕೆ.

ಚಿಕ್ಕಮ್ಮ ಅವಳನ್ನು ಒಳಗೆ ಕರೆದು ಕೂರಿಸಿದಳು. "ಮೊದಲಿಂದ ಹೇಳು. ಅಳೋದು ಆಮೇಲೆ ಇದ್ದೇ ಇದೆ."

ನಡೆದದ್ದು ಇಷ್ಟು. ದುರಸ್ತಿಗೆಂದು ಮುಚ್ಚಿದ್ದ ಕೊಳ ಮರುದಿನ ಮಕ್ಕಳಿಗಾಗಿ ತೆರೆಯಬೇಕಿತ್ತು. ಕಂಠಮಟ್ಟ ನೀರು ತುಂಬಿ, ಕ್ಲೋರಿನ್ ಔಷಧಿ ಹಾಕಿ ಎಲ್ಲ ಸಿದ್ಧವಾಗಿತ್ತು. ಹಿಂದಿನ ಸಂಜೆ ಆಕೆಯ ತಂಗಿಗೆ ಹೆರಿಗೆ ನೋವು ಬಂದದ್ದರಿಂದ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯಲ್ಲೇ ರಾತ್ರಿ ಕಳೆದಿದ್ದರು. ಬೆಳಗ್ಗೆ ಬಂದು ನೋಡಿದರೆ ಆಳವಿಲ್ಲದ ಅರ್ಧ ಭಾಗ ಒಣಗಿ ನೆಲ ಕಾಣುತ್ತಿತ್ತು. ಕೊಳದ ತಳದಲ್ಲಿ ನೀರು ಬಿಡುವ ವಾಲ್ವಿಗೆ ಬೀಗವಿದೆ. ಕೀಲಿ ಇರುವುದು ಅವನೊಬ್ಬನ ಬಳಿ.

"ಆಯುಕ್ತರು ಬಂದ್ರು, ಹಿಂದೆ ಎಲ್ಲಾ ಇಲಾಖೆಯವರೂ ಬಂದ್ರು. ಟ್ಯಾಂಕರಿನವರಿಗೆ ನೀರು ಮಾರ್ಕೊಂಡಿದ್ದೀಯ, ಕಳ್ಳ, ಅಂತ ಅಷ್ಟೂ ಜನರ ಎದುರು ಅಂದ್ರು ಅಕ್ಕಾ. ಸಂಜೆ ಐದಕ್ಕೆ ಕೆಲಸದಿಂದ ತೆಗೀತಾರಂತೆ. ಕೆಲಸ ಹೋದ್ರೆ ಕೊಳದ ಕಾಂಪೌಂಡಿನ ಮನೆನೂ ಬಿಡಬೇಕು."

"ನಿನ್ನ ಗಂಡ ಏನಂದ?"

"ಏನೂ ಅನ್ನಲಿಲ್ಲ. ಮೊದಲೇ ಮಾತು ಕಮ್ಮಿ. ಬೆಳಗಿಂದ ತುಟಿ ಬಿಚ್ಚಿಲ್ಲ."

ಅಷ್ಟರಲ್ಲಿ ಕೆಳಬೀದಿಯ ಕ್ಷೌರದಂಗಡಿಯವನು ಕಿಟಕಿಯೊಳಗೆ ತಲೆ ತೂರಿಸಿದ. "ಮೇಡಂ, ನನ್ನ ಅಂಗಡಿ ಮೋರಿ ಬಾಯಿಂದ ಬ್ಲೀಚಿಂಗ್ ಪೌಡರ್ ವಾಸನೆ ಹೊಡೀತಿದೆ. ಜಿರಳೆಗಳು ಸಾಲಾಗಿ ಹೊರಗೆ ಬರ್ತಿವೆ. ಗಿರಾಕಿಗಳು ಕುರ್ಚಿ ಮೇಲೆ ಕಾಲೆತ್ತಿಕೊಂಡು ಕೂರ್ತಾರೆ. ನಾನು ಗಡ್ಡ ಕೆರೀಲೋ, ಜಿರಳೆ ಓಡಿಸಲೋ?"

ಒಬ್ಬಳ ಸಂಸಾರ ಬೀದಿಗೆ ಬೀಳುವ ಹೊತ್ತಿನಲ್ಲಿ ಇವನ ಜಿರಳೆ ಪುರಾಣ ಕೇಳಿ ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಮಾತ್ರ ಕುರ್ಚಿ ಅವನತ್ತ ತಿರುಗಿಸಿಕೊಂಡಳು.

"ಮೋರಿಯಲ್ಲಿ ನೀರು ನಿಂತಿದೆಯಾ?"

"ಅದೇ ವಿಚಿತ್ರ ಮೇಡಂ. ತಿಂಗಳಿಂದ ಕಟ್ಟಿಕೊಂಡಿದ್ದು ಇವತ್ತು ಸಲೀಸಾಗಿ ಹೋಗ್ತಿದೆ."

ಅವನನ್ನು ಕಳುಹಿಸಿ ಅವಳು ಹೊರಗಿನ ಬೆಂಚಿನ ಕಡೆ ನೋಡಿದಳು. "ಕೆಳಬೀದಿಯವರು ಇವತ್ತು ಒಬ್ಬರೂ ಬಂದಿಲ್ಲ. ಗಮನಿಸಿದೆಯಾ?"

ಒಳಚರಂಡಿ ಕಟ್ಟಿಕೊಂಡಿದೆ ಎಂದು ಗಡಿಯಾರ ರಿಪೇರಿಯ ತಾತ, ಹಿಟ್ಟಿನ ಗಿರಣಿಯವನು, ನಿವೃತ್ತ ಟೀಚರಮ್ಮ, ಮೂವರೂ ತಿಂಗಳಿಂದ ದಿನಾ ಬೆಳಗ್ಗೆ ಆ ಬೆಂಚಿನಲ್ಲಿ ಕೂತು ನಮ್ಮ ಪ್ರಾಣ ತಿನ್ನುತ್ತಿದ್ದರು.

"ಪೀಡೆ ತೊಲಗಿತು ಅಂದ್ಕೋ," ಎಂದೆ.

"ನಿನಗೆ ಬಂದ ದೂರು ಮಾತ್ರ ಕೇಳಿಸುತ್ತೆ," ಎಂದು ಅವಳು ಚೀಲ ಎತ್ತಿಕೊಂಡಳು.

ಮೆಟ್ಟಿಲ ಮೇಲೆ ಒಳಚರಂಡಿ ವಿಭಾಗದ ಎಂಜಿನಿಯರ್ ಎದುರಾದರು. ಆಯುಕ್ತರ ಕೋಣೆಯಿಂದ ಬರುತ್ತಿದ್ದ ಅವರ ಮುಖ ಊರಗಲವಾಗಿತ್ತು.

"ಕೆಳಬೀದಿ ಲೈನ್ ರಾತ್ರಿ ಬಿಡಿಸಿಬಿಟ್ವಿ ಮೇಡಂ. ನಾಳೆ ಸ್ವಚ್ಛತೆ ತಪಾಸಣೆ ತಂಡ ಬಂದ್ರೆ ಊರು ಕನ್ನಡಿ ಥರ ಇರುತ್ತೆ."

"ಸಂತೋಷ. ತಿಂಗಳಿಂದ ಬಿಡದೇ ಇದ್ದದ್ದು ಹೇಗೆ ಬಿಡ್ತು?"

"ಹುಡುಗರು ರಾಡ್ ಹಾಕಿ ಹಾಕಿ ಬಿಡಿಸಿದ್ರು. ಹಟ ಬೇಕು ಮೇಡಂ, ಹಟ."

ಈಜುಕೊಳ ಇರುವುದು ಊರಿನ ಎತ್ತರದ ಭಾಗದಲ್ಲಿ. ಸುತ್ತ ಸುಣ್ಣ ಬಳಿದ ಕಾಂಪೌಂಡು. ರಾತ್ರಿ ಕಾವಲುಗಾರನ ಹುದ್ದೆಯೊಂದು ಕಾಗದದ ಮೇಲಿದೆ. ಮನುಷ್ಯನನ್ನು ನೇಮಿಸುವುದು ಮಾತ್ರ ಯಾರಿಗೂ ನೆನಪಾಗಿಲ್ಲ. ನಾವು ಹೋದಾಗ ಆಳದ ತುದಿಯಲ್ಲಿ ಎದೆಮಟ್ಟದ ನೀರು ಉಳಿದಿತ್ತು. ಆರೋಪ ಹೊತ್ತವನು ಮನೆಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಗ್ನಿಶಾಮಕ ಠಾಣೆಯ ಅಧಿಕಾರಿ ಕೊಳದ ಅಂಚಿನಲ್ಲಿ ಮೀಸೆ ತಿರುವುತ್ತಾ ನಿಂತಿದ್ದರು. ಅಣಕು ಕಾರ್ಯಾಚರಣೆಗೆ ಕೊಳದ ನೀರು ಕೊಡಲಿಲ್ಲವೆಂದು ಅವರಿಗೂ ಇವನಿಗೂ ಹಳೆಯ ಜಗಳ. ಕೊಳವನ್ನು ಒಂದು ರಾತ್ರಿಯಲ್ಲಿ ಹೀರಬಲ್ಲ ಪಂಪು ಅವರ ಗಾಡಿಯಲ್ಲಿದೆ. ಕಳ್ಳ ಸಿಕ್ಕಿದನೆಂದು ನಾನು ಚಿಕ್ಕಮ್ಮನ ಕಿವಿಯಲ್ಲಿ ಉಸುರಿದೆ.

"ನನ್ನ ಗಾಡಿ ಮೇಲೆ ಅನುಮಾನ ಇದ್ರೆ ನೇರವಾಗಿ ಕೇಳಿ," ಎಂದರು ಅಧಿಕಾರಿ. ನನ್ನ ಉಸುರು ಸ್ವಲ್ಪ ಗಟ್ಟಿಯಾಗಿರಬೇಕು.

"ಕೇಳೋ ಹೊತ್ತು ಬಂದಾಗ ಕೇಳ್ತೀನಿ," ಎಂದು ಚಿಕ್ಕಮ್ಮ ಹಿತ್ತಲಿಗೆ ನಡೆದಳು.

ತಳದ ವಾಲ್ವ್ ತೆರೆದರೆ ನೀರು ಹಿತ್ತಲಿನ ತೆರೆದ ಕಾಲುವೆಗೆ ಬೀಳುತ್ತದೆ, ಅಲ್ಲಿಂದ ಊರಾಚೆಯ ಹಳ್ಳಕ್ಕೆ ಹರಿಯುತ್ತದೆ. ನಾನು ಕಾಲುವೆಗೆ ಬಗ್ಗಿದ್ದೇ ತಡ, ಒಂದು ನಾಯಿ ಹಲ್ಲು ಕಿರಿದು ನನ್ನ ಮೇಲೆ ಬಂತು. ಅದರ ಹಿಂದೆ, ಒಣ ಎಲೆಗಳ ಮೇಲೆ, ಕಣ್ಣು ಬಿಡದ ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಮೂರ್ನಾಲ್ಕು ದಿನದಿಂದ ಅಲ್ಲೇ ಇವೆ, ದಿನಾ ಅನ್ನ ಹಾಕುತ್ತಿದ್ದೇನೆ ಎಂದಳು ಕೊಳ ನೋಡಿಕೊಳ್ಳುವವನ ಹೆಂಡತಿ. ಚಿಕ್ಕಮ್ಮ ನನ್ನ ಹರಿದ ಪ್ಯಾಂಟಿನ ಕಡೆ ನೋಡಲೂ ಇಲ್ಲ. ಅವಳ ಕಣ್ಣು ಆಗಲೇ ಪಕ್ಕದ ಗೋಡೆಯ ಮೇಲಿತ್ತು. ಅಲ್ಲೊಂದು ಕಡೆ, ಗೋಡೆಯ ನೆತ್ತಿಯ ಸುಣ್ಣ ಅಂಗೈ ಅಗಲಕ್ಕೆ ಉಜ್ಜಿಹೋಗಿತ್ತು.

ಗೋಡೆಯ ಆಚೆ ಒಂದು ಓಣಿ. ಕೈಚಾಚಿದರೆ ಎರಡೂ ಬದಿಯ ಗೋಡೆ ಸಿಗುವಷ್ಟು ಇಕ್ಕಟ್ಟಲ್ಲವಾದರೂ ದೊಡ್ಡ ಗಾಡಿ ಅಲ್ಲಿ ತೂರುವುದಿಲ್ಲ. ಓಣಿಯ ಉದ್ದಕ್ಕೂ ಒಳಚರಂಡಿಯ ಮ್ಯಾನ್‌ಹೋಲುಗಳು. ಎಲ್ಲದರ ಮುಚ್ಚಳದ ಸಂದಿಯಲ್ಲೂ ವರ್ಷಗಳ ಮಣ್ಣು ಗಟ್ಟಿಯಾಗಿತ್ತು. ಸುಣ್ಣ ಉಜ್ಜಿದ್ದ ಜಾಗದ ನೇರಕ್ಕೆ ಇದ್ದ ಒಂದರಲ್ಲಿ ಮಾತ್ರ ಮಣ್ಣಿರಲಿಲ್ಲ.

ಕೊಳದ ಬಳಿಗೆ ಮರಳಿದಾಗ ಚಿಕ್ಕಮ್ಮ, ಈಜುವವರ ಸಾಲು ಬೇರ್ಪಡಿಸಲು ಕಟ್ಟಿದ ಹಗ್ಗದ ಮುಂದೆ ನಿಂತಳು. ಹಗ್ಗದ ತುದಿ ಕಿತ್ತುಬಂದು, ಅದಕ್ಕೆ ಪೋಣಿಸಿದ್ದ ನಿಂಬೆಹಣ್ಣಿನ ಗಾತ್ರದ ಕೆಂಪು ಪ್ಲಾಸ್ಟಿಕ್ ಗುಂಡುಗಳು ನೆಲದಲ್ಲಿ ಚೆಲ್ಲಾಡಿದ್ದವು.

"ಇದು ಹಳೇದಾ?"

"ಹೊಸದು ಅಕ್ಕಾ. ನಿನ್ನೆ ಮಧ್ಯಾಹ್ನ ಇವರೇ ಕಟ್ಟಿದ್ರು. ಅದಕ್ಕೆ ಮುಂಚೆ ಹಗ್ಗವೇ ಇರಲಿಲ್ಲ."

ಚಿಕ್ಕಮ್ಮ ನನ್ನತ್ತ ತಿರುಗಿದಳು. "ಕೊಳಚೆ ನೀರು ಶುದ್ಧ ಮಾಡೋ ಘಟಕಕ್ಕೆ ಹೋಗು. ನೀರು ಒಳಗೆ ಬರೋ ಕಡೆ ಕಬ್ಬಿಣದ ಜಾಲರಿ ಇದೆ. ಇವತ್ತು ಅದರಲ್ಲಿ ಸಿಕ್ಕಿದ ಕಸವನ್ನ ಪೂರ್ತಿ ನೋಡಿ ಬಾ."

"ನಾನು ಕಂದಾಯದವನು, ಚಿಕ್ಕಮ್ಮ."

"ಕಂದಾಯ ಕಟ್ಟಿದವರದೇ ಕಸ ಅದು. ಹೋಗು."

ಹೋದೆ. ಅಲ್ಲಿ ಏನೇನು ನೋಡಿದೆ, ಏನೇನು ಮೂಸಿದೆ ಎಂದು ಬರೆದರೆ ಓದುವವರು ಊಟ ಬಿಡಬೇಕಾದೀತು. ಬೇಕಾದದ್ದು ಸಿಕ್ಕಿತು. ತೊಳೆದು ಡಬ್ಬಿಗೆ ಹಾಕಿ ತಂದೆ.

ಸಂಜೆ ಐದಕ್ಕೆ ಆಯುಕ್ತರನ್ನು ಅವಳು ಕೊಳಕ್ಕೇ ಕರೆಸಿದಳು. ವಜಾ ಆದೇಶ ಅವರ ಕೈಯಲ್ಲೇ ಇತ್ತು. ಅಗ್ನಿಶಾಮಕ ಅಧಿಕಾರಿ, ಒಳಚರಂಡಿ ಎಂಜಿನಿಯರ್, ನೀರು ಸರಬರಾಜಿನ ಮುಖ್ಯಸ್ಥರು, ಕ್ಷೌರದಂಗಡಿಯವನು ಎಲ್ಲರೂ ಬಂದರು. ಚಿಕ್ಕಮ್ಮ ಎಲ್ಲರನ್ನೂ ಒಣಗಿದ ನೆಲಕ್ಕೇ ಇಳಿಸಿದಳು. ಆರೋಪಿ ಮೂಲೆಯಲ್ಲಿ ನಿಂತು ನೆಲವನ್ನೇ ನೋಡುತ್ತಿದ್ದ. ಅವನ ಹೆಂಡತಿ ಅವನ ತೋಳು ಹಿಡಿದಿದ್ದಳು.

"ಬೇಗ ಮುಗಿಸಿ," ಎಂದರು ಆಯುಕ್ತರು. "ಕೀಲಿ ಇವನ ಹತ್ತಿರ ಇತ್ತು. ಇನ್ನೇನು ಬೇಕು?"

"ಸಾರ್, ಕೀಲಿ ಯಾರ ಹತ್ತಿರ ಇದ್ರೂ ಲೆಕ್ಕಕ್ಕಿಲ್ಲ. ನಿನ್ನೆ ಆ ವಾಲ್ವ್ ತೆರೆದೇ ಇಲ್ಲ," ಎಂದಳು ಚಿಕ್ಕಮ್ಮ. "ತೆರೆದಿದ್ರೆ ಇಷ್ಟೂ ನೀರು ಹಿತ್ತಲ ಕಾಲುವೆಗೆ ನುಗ್ಗಬೇಕಿತ್ತು. ಅಲ್ಲಿ ಕಣ್ಣು ಬಿಡದ ನಾಯಿಮರಿಗಳು ಒಣ ಎಲೆ ಮೇಲೆ ಮಲಗಿವೆ. ನಮ್ಮ ಹುಡುಗ ಹತ್ತಿರದಿಂದ ನೋಡಿ ಬಂದಿದ್ದಾನೆ."

ಎಲ್ಲರೂ ನನ್ನ ಪ್ಯಾಂಟಿನ ಕಡೆ ನೋಡಿದರು.

"ಹಾಗಾದ್ರೆ ನೀರು ಮೇಲಿಂದ ಹೋಗಿದೆ. ಗೋಡೆ ಮೇಲೆ ಸುಣ್ಣ ಉಜ್ಜಿದೆ; ದಪ್ಪ ಪೈಪು ಹಾಯ್ದ ಗುರುತು ಅದು. ಒಮ್ಮೆ ಯಂತ್ರದಿಂದ ಎಳೆದು ಶುರು ಮಾಡಿದ್ರೆ ಸಾಕು, ಆಮೇಲೆ ನೀರು ತಾನಾಗೇ ತಗ್ಗಿಗೆ ಹರಿಯುತ್ತೆ. ಪೈಪಿನ ಬಾಯಿ ಎಲ್ಲಿ ತನಕ ಮುಳುಗಿತ್ತೋ ಅಲ್ಲಿ ತನಕ ಕೊಳ ಖಾಲಿಯಾಯ್ತು. ಆಳದ ತುದಿಯ ನೀರು ಅದಕ್ಕೇ ಉಳಿದಿದೆ."

"ಅಂದ್ರೆ ಫೈರ್ ಎಂಜಿನ್," ಎಂದರು ಆಯುಕ್ತರು. ಅಧಿಕಾರಿಯ ಮೀಸೆ ನೆಟ್ಟಗಾಯಿತು.

"ಅವರ ಗಾಡಿ ಆ ಓಣಿಗೆ ತೂರಲ್ಲ ಸಾರ್. ಗೋಡೆಯ ಆಚೆ ಬದಿ ಮ್ಯಾನ್‌ಹೋಲ್ ಇದೆ. ಆ ಒಂದರ ಮುಚ್ಚಳ ಮಾತ್ರ ಈಚೆಗೆ ತೆಗೆದಿದ್ದಾರೆ. ಅಷ್ಟು ಸಣ್ಣ ಓಣಿಗೆ ಹೋಗೋ, ಅಷ್ಟು ದಪ್ಪ ಪೈಪಿರೋ ಯಂತ್ರ ಊರಲ್ಲಿ ಒಂದೇ. ಒಳಚರಂಡಿಯವರು ಕೊಳಚೆ ಹೀರೋ ಚಿಕ್ಕ ಸಕ್ಕಿಂಗ್ ಗಾಡಿ."

ಎಂಜಿನಿಯರ್ ನಕ್ಕರು. "ನಮ್ಮ ಗಾಡಿ ದಿನಾ ಹತ್ತು ಮ್ಯಾನ್‌ಹೋಲ್ ತೆಗೆಯುತ್ತೆ. ನಾನು ಕೊಳದ ನೀರು ತಗೊಂಡು ಏನು ಮಾಡ್ಲಿ? ಸ್ನಾನನಾ?"

"ಆ ಓಣಿಯ ಚರಂಡಿ ಇಳಿಯೋದೇ ಕೆಳಬೀದಿಗೆ. ಅಲ್ಲಿನ ಲೈನ್ ತೊಳೆದ್ರಿ. ರಾಡಿಗೆ ತಿಂಗಳಿಂದ ಬಗ್ಗದ ಕಸ ಒಂದು ರಾತ್ರಿಯ ಹಟಕ್ಕೆ ಬಗ್ಗಿತಾ? ಕೊಳದಷ್ಟು ನೀರು ಒಂದೇ ಸಲ ಮೇಲಿಂದ ನುಗ್ಗಿದ್ದಕ್ಕೆ ಬಗ್ಗಿತು. ಕೆಳಬೀದಿಯವರು ಇವತ್ತು ದೂರು ತರಲಿಲ್ಲ. ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ. ಬಂದವರು ಇವರೊಬ್ಬರು, ಬ್ಲೀಚಿಂಗ್ ವಾಸನೆ ಅಂತ."

"ಅದು ನಾವೇ ಹಾಕಿದ್ದು. ಲೈನ್ ಬಿಡಿಸಿದ ಮೇಲೆ ಪೌಡರ್ ಹಾಕೋದು ಪದ್ಧತಿ," ಎಂದರು ಎಂಜಿನಿಯರ್ ತಡಮಾಡದೆ. ಆಯುಕ್ತರು ತಲೆದೂಗಿದರು.

"ಪೌಡರ್ ನೀವು ಹಾಕಿರಬಹುದು," ಎಂದು ಚಿಕ್ಕಮ್ಮ ನನ್ನ ಕಡೆ ಕೈ ಚಾಚಿದಳು. ನಾನು ಡಬ್ಬಿ ತೆಗೆದು ಅವಳ ಅಂಗೈಗೆ ಮೂರು ಕೆಂಪು ಗುಂಡು ಸುರಿದೆ. "ಇದನ್ನೂ ನೀವೇ ಹಾಕಿದ್ರಾ? ಶುದ್ಧೀಕರಣ ಘಟಕದ ಜಾಲರಿಯಲ್ಲಿ ಇವತ್ತು ಸಿಕ್ಕಿದ್ದು. ಈ ಹಗ್ಗ ನಿನ್ನೆ ಮಧ್ಯಾಹ್ನ ಕಟ್ಟಿದ್ದು. ನಿನ್ನೆ ರಾತ್ರಿ ಕೊಳದ ನೀರು ನಿಮ್ಮ ಚರಂಡಿಗೆ ಹೋಗದೇ ಇದ್ರೆ, ಈ ಗುಂಡು ಊರಿನ ಆ ತುದಿಗೆ ನಡೆದುಕೊಂಡು ಹೋಯ್ತಾ?"

ಎಂಜಿನಿಯರ್ ಆ ಗುಂಡುಗಳನ್ನು ನೋಡಿದರು, ಆಮೇಲೆ ಕೊಳದ ಮೆಟ್ಟಿಲ ಮೇಲೆ ಕೂತರು.

"ಲೈನ್ ತೊಳೆಯೋಕೆ ನೀರು ಕೊಡಿ ಅಂತ ಇವರನ್ನ ಎಷ್ಟು ಸಲ ಕೇಳಿದೆ," ಎಂದು ಸರಬರಾಜು ಮುಖ್ಯಸ್ಥರತ್ತ ಬೆರಳು ಮಾಡಿದರು. "ಬೇರೆ ಇಲಾಖೆಗೆ ಕೊಡೋಕಾಗಲ್ಲ ಅಂದ್ರು. ನಾಳೆ ತಪಾಸಣೆ. ಕೊಳ ಕಾಯೋ ಈ ಗಂಡ ಹೆಂಡ್ತಿ ಆಸ್ಪತ್ರೆಗೆ ಹೋದದ್ದು ಗೊತ್ತಾಯ್ತು. ಕೊಳ ತೊಳೀಬೇಕಂತೆ ಅಂತ ಹುಡುಗರಿಗೆ ಹೇಳಿ ಕರ್ಕೊಂಡು ಬಂದೆ. ಸ್ವಲ್ಪ ನೀರು ಸಾಕಾಗುತ್ತೆ ಅಂದ್ಕೊಂಡೆ. ಕಸ ಬಿಡೋ ಹೊತ್ತಿಗೆ ಇಷ್ಟಾಗಿತ್ತು."

"ನೀರು ತಗೊಂಡಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ," ಎಂದಳು ಚಿಕ್ಕಮ್ಮ. "ಬೆಳಗ್ಗೆ ಈ ಮನುಷ್ಯನನ್ನ ಕಳ್ಳ ಅಂದಾಗ ನೀವು ಪಕ್ಕದಲ್ಲೇ ನಿಂತಿದ್ರಿ. ಬಾಯಿ ಮುಚ್ಚಿಕೊಂಡು ನಿಂತಿದ್ರಿ."

ಆಯುಕ್ತರು ಆದೇಶವನ್ನು ಹರಿದು ನಾಲ್ಕು ಚೂರು ಮಾಡಿದರು. ಎಂಜಿನಿಯರನ್ನು ನಿಂತ ನಿಲುವಿನಲ್ಲೇ ಅಮಾನತು ಮಾಡಿದರು. ಬೆಳಗಾಗುವುದರೊಳಗೆ ಕೊಳ ತುಂಬಿರಬೇಕೆಂದು ಸರಬರಾಜು ಮುಖ್ಯಸ್ಥರಿಗೆ ಹೇಳಿದಾಗ, ಬೇರೆ ಇಲಾಖೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅಗ್ನಿಶಾಮಕ ಅಧಿಕಾರಿ ತಮ್ಮ ಗಾಡಿಯನ್ನೂ ತರುತ್ತೇನೆಂದು ತಾವಾಗಿಯೇ ಹೇಳಿದರು. ನನಗೆ ಶಿಳ್ಳೆ ಹೊಡೆಯುವಷ್ಟು ಖುಷಿಯಾಗಿತ್ತು.

ಆಗ ಕೊಳ ನೋಡಿಕೊಳ್ಳುವವನ ಹೆಂಡತಿ ಮುಂದೆ ಬಂದಳು. "ಸಾರ್, ಕಳ್ಳ ಅಂತ ಎಲ್ಲರ ಎದುರು ಅಂದ್ರಿ. ಅಲ್ಲ ಅಂತಾನೂ ಎಲ್ಲರ ಎದುರು ಹೇಳಿ."

ಆಯುಕ್ತರು ಮೂಲೆಯವರೆಗೆ ನಡೆದುಹೋಗಿ ಅವನ ಎದುರು ನಿಂತರು. "ತಪ್ಪು ನನ್ನದು. ನೀವು ಕಳ್ಳರಲ್ಲ. ಈ ಕೊಳ ಇವತ್ತಿಂದಲೂ ನಿಮ್ಮ ಜವಾಬ್ದಾರಿನೇ. ಏನಾದ್ರೂ ಹೇಳೋದಿದ್ರೆ ಹೇಳಿ."

ಬೆಳಗಿನಿಂದ ಒಂದು ಮಾತೂ ಆಡದವನು ಈಗ ತಲೆ ಎತ್ತಿ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ.

"ಬೂಟು ಬಿಚ್ಚಿ ಸಾರ್," ಎಂದ. "ಮಕ್ಕಳು ಇಳಿಯೋ ಜಾಗ ಇದು. ಎಲ್ಲರೂ ಬಿಚ್ಚಿ. ಆಗ್ಲೇ ಹೇಳ್ಬೇಕು ಅಂತಿದ್ದೆ, ಹೇಳೋ ಅಧಿಕಾರ ಇರಲಿಲ್ಲ."

ಎಲ್ಲರಿಗಿಂತ ಮೊದಲು ಬಗ್ಗಿದವರು ಆಯುಕ್ತರು. ಅವರ ಬೂಟಿನ ಲೇಸು ಗಂಟಾಗಿ ಬಿಚ್ಚಲು ಹೊತ್ತು ಹಿಡಿಯಿತು. ಅವನು ಪಕ್ಕದಲ್ಲೇ ನಿಂತು ಕಾದ.