ಕುಳ್ಳ ಬಾಗಿಲು, ಅಗಲ ಕಿಟಕಿ

ಗ್ರಂಥಾಲಯ ಗುಡಿಸಲು ಹೋದ ಜವಾನ ಪೊರಕೆಯನ್ನು ಅಲ್ಲೇ ಬಿಸಾಕಿ ಹೊರಗೆ ಓಡಿ ಬಂದ.

“ಸ್ಕೂಲ್ ಬಿದ್ದೋಗಿದೆ ಮೇಡಂ! ಸ್ಕೂಲ್ ಬಿದ್ದೋಗಿದೆ!”

ಹೆಡ್‌ಮಿಸ್ ತಲೆಯೆತ್ತಿ ಚಾವಣಿ ನೋಡಿದರು. “ಯಾವ ಸ್ಕೂಲಪ್ಪಾ? ನಾವು ನಿಂತಿರೋದು ಇನ್ನೂ ನೆಟ್ಟಗಿದೆಯಲ್ಲ.”

“ಇದಲ್ಲ ಮೇಡಂ. ರಟ್ಟಿಂದು!”

ಎಲ್ಲರೂ ಗ್ರಂಥಾಲಯಕ್ಕೆ ನುಗ್ಗಿದರು. ಉದ್ದನೆಯ ಮೇಜಿನ ಮೇಲೆ ಏಳನೇ ತರಗತಿ ಎ ವಿಭಾಗದ ಮಕ್ಕಳು ಕಟ್ಟಿದ ಶಾಲೆಯ ಮಾದರಿ. ತಾವು ಓದುವ ಶಾಲೆಯನ್ನೇ ಅಳೆದು, ಅನುಪಾತ ತಪ್ಪದಂತೆ ಕುಗ್ಗಿಸಿ, ಬಿಳಿ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ್ದರು. ಈಗ ಅದರ ಮುಂಗೋಡೆ, ಹೊಟ್ಟೆಗೆ ಗುದ್ದು ತಿಂದವನ ಹಾಗೆ ನಡುವಿಗೇ ಬಾಗಿತ್ತು. ಚಾವಣಿ ಜಾರಿ ಅಂಗಳಕ್ಕೆ ಬಿದ್ದಿತ್ತು. ಮಧ್ಯಾಹ್ನ ಪ್ರದರ್ಶನದ ತೀರ್ಪುಗಾರರು ಬರುವವರಿದ್ದರು.

ಮಾದರಿ ಕಟ್ಟಿಸಿದ ಚಿಕ್ಕ ಮಿಸ್ ಮೇಜಿನ ಮೇಲೆ ಬಗ್ಗಿದಳು.

“ಇದು ನಮ್ಮ ಗೋಡೆ ಅಲ್ಲ. ಬಾಗಿಲು ನೋಡಿ, ಕುಳ್ಳಗಿದೆ. ಕಿಟಕಿಗಳು ಅಗಲ ಆಗಿವೆ. ಯಾರೋ ನಮ್ಮ ಗೋಡೆ ಕಿತ್ತು ಇದನ್ನ ಇಟ್ಟಿದ್ದಾರೆ.”

ದೊಡ್ಡ ಮಿಸ್ ಬಾಗಿಲ ಬಳಿಯೇ ನಿಂತಿದ್ದಳು. ಬಿ ವಿಭಾಗದ ಗಣಿತ ಅವಳದು. ಬಿದ್ದ ಚಾವಣಿ ಕಂಡಾಗ ಅವಳ ಎದೆಯಲ್ಲಿ ಮೊದಲು ಎದ್ದದ್ದು ತಣ್ಣನೆಯ ಒಂದು ಖುಷಿ. ಅದು ಮುಖಕ್ಕೆ ಬರುವ ಮುಂಚೆ ನುಂಗಿಕೊಂಡಳು. ತಲೆಯೆತ್ತಿದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ನೋಡದೆ ಏನು ಮಾಡಿಯಾರು? ಚಿಕ್ಕ ಮಿಸ್ ಬರುವ ತನಕ ಎರಡೂ ವಿಭಾಗಗಳ ರೇಖಾಗಣಿತ ದೊಡ್ಡ ಮಿಸ್‌ದೇ ಆಗಿತ್ತು. ಕಪ್ಪುಹಲಗೆ, ಮರದ ಕೈವಾರ, ಸುಣ್ಣದ ಕಡ್ಡಿ. ಚಿಕ್ಕ ಮಿಸ್ ಬಂದವಳೇ ಮಕ್ಕಳನ್ನು ಬಿಸಿಲಿಗೆ ಕರೆದೊಯ್ದಳು. ನೆರಳು ಅಳೆಸಿ ಕಂಬದ ಎತ್ತರ ಹೇಳಿಸಿದಳು. ಎ ವಿಭಾಗದ ನಗು ಗೋಡೆ ದಾಟಿ ಬಿ ವಿಭಾಗಕ್ಕೆ ಕೇಳಿಸುತ್ತಿತ್ತು. ಆಗ ದೊಡ್ಡ ಮಿಸ್‌ಳ ಕೈಯ ಸುಣ್ಣದ ಕಡ್ಡಿ ಪಟ್ಟನೆ ಮುರಿಯುತ್ತಿತ್ತು.

“ನಿನ್ನೆ ಸಂಜೆ ದೊಡ್ಡ ಮಿಸ್ ಒಬ್ರೇ ಇಲ್ಲಿದ್ರು,” ಎಂದ ಜವಾನ, ಯಾರ ಮುಖವನ್ನೂ ನೋಡದೆ.

“ಇದ್ದೆ. ನೋಡೋಕೆ ಬಂದಿದ್ದೆ.”

“ಏನು ನೋಡೋಕೆ?” ಹೆಡ್‌ಮಿಸ್ ಕೇಳಿದರು.

“ತಪ್ಪು ಏನಾದ್ರೂ ಸಿಗುತ್ತಾ ಅಂತ.”

ಹೆಡ್‌ಮಿಸ್ ಒಂದು ಹೆಜ್ಜೆ ಮುಂದೆ ಬಂದರು.

“ಸಿಕ್ತಾ?”

“ಇಲ್ಲ. ಒಂದೂ ಸಿಗ್ಲಿಲ್ಲ.”

ಹೆಡ್‌ಮಿಸ್ ಅವಳನ್ನು ಪಕ್ಕಕ್ಕೆ ಕರೆದರು. “ನೋಡಿ, ನಾನು ನಿಮ್ಮನ್ನ ಅನುಮಾನಿಸ್ತಿಲ್ಲ. ಆದ್ರೆ ಊರೆಲ್ಲ ಅನುಮಾನಿಸುತ್ತೆ. ಯಾರು ಅಂತ ತೀರ್ಪುಗಾರರು ಬರೋ ಹೊತ್ತಿಗೆ ಗೊತ್ತಾಗದಿದ್ರೆ, ಬಿ ವಿಭಾಗದ ಗಣಿತಾನೂ ಚಿಕ್ಕ ಮಿಸ್‌ಗೇ ಕೊಡಬೇಕಾಗುತ್ತೆ. ನನ್ನ ಕೈ ಕಟ್ಟಿದೆ.”

ಉಳಿದಿದ್ದದ್ದು ಅದೊಂದು ತರಗತಿ. ಅದೂ ಅವಳಿಗೇ.

“ಆ ಗೋಡೆ ನನಗೆ ಕೊಡಿ. ಮೊದಲು ಮಾಡಿದ್ದ ಚಿಕ್ಕ ಮಾದರೀನೂ ಕೊಡಿ,” ಎಂದಳು ದೊಡ್ಡ ಮಿಸ್.

*

ಪ್ರಯೋಗಕ್ಕೆಂದು ಮಕ್ಕಳು ಮೊದಲು ಕಟ್ಟಿದ್ದ ಚಿಕ್ಕ ಮಾದರಿ ಸಿಬ್ಬಂದಿ ಕೋಣೆಯ ಬೀರುವಿನ ಮೇಲಿತ್ತು. ದೊಡ್ಡ ಮಿಸ್ ಅದನ್ನೂ ನಕಲಿ ಗೋಡೆಯನ್ನೂ ಪಕ್ಕಪಕ್ಕ ಇಟ್ಟು ಅಳೆದಳು.

ಚಿಕ್ಕ ಮಾದರಿಯ ಬಾಗಿಲು ನಾಲ್ಕು ಸೆಂಟಿಮೀಟರ್ ಅಗಲ, ಎಂಟು ಎತ್ತರ. ದೊಡ್ಡ ಮಾದರಿ ಅದರ ಒಂದೂವರೆ ಪಟ್ಟು. ಹಾಗಾಗಿ ಆರು, ಹನ್ನೆರಡು ಇರಬೇಕು. ನಕಲಿ ಬಾಗಿಲು ಆರು, ಹತ್ತು. ಕಿಟಕಿ ಎರಡಕ್ಕೆ ನಾಲ್ಕು. ಮೂರಕ್ಕೆ ಆರು ಆಗಬೇಕಿತ್ತು. ನಕಲಿಯಲ್ಲಿ ನಾಲ್ಕಕ್ಕೆ ಆರು.

ಎಲ್ಲದಕ್ಕೂ ಎರಡೆರಡು ಕೂಡಿಸಿದ್ದರು! ಗುಣಿಸಬೇಕಾದ ಕಡೆ ಕೂಡಿಸುವುದು. ಏಳನೇ ತರಗತಿಯ ಉತ್ತರಪತ್ರಿಕೆಗಳಲ್ಲಿ ಅವಳು ಎಷ್ಟು ಸಲ ಕೆಂಪು ಶಾಯಿಯಲ್ಲಿ ಸುತ್ತಿದ ತಪ್ಪು ಅದು.

ಅಷ್ಟರಲ್ಲಿ ಹೊಲಿಗೆ ಮಿಸ್ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ಇವಳು ದೊಡ್ಡ ಮಿಸ್‌ಳ ನಾದಿನಿ. ಒಂದೇ ಮನೆ, ಒಂದೇ ಶಾಲೆ, ದಿನಾ ಒಟ್ಟಿಗೆ ನಡೆದು ಬರುವ ದಾರಿ. ಆ ದಾರಿಯುದ್ದಕ್ಕೂ ಚಿಕ್ಕ ಮಿಸ್‌ಳನ್ನು ಹರಿದು ಹಂಚುವುದು ಇಬ್ಬರಿಗೂ ರೂಢಿ.

“ಅತ್ತಿಗೆ, ಒಂದು ತುತ್ತು ತಿನ್ನಿ. ಬಿದ್ರೆ ಬೀಳ್ಲಿ ಬಿಡಿ ಅದು. ಅವಳೇನು ಕಮ್ಮಿನಾ? ನನ್ನ ಎರಡು ಪೀರಿಯಡ್ಡೂ ನುಂಗಿ ನೀರು ಕುಡಿದ್ಲು. ಮಕ್ಕಳು ಸೂಜಿಗೆ ದಾರ ಪೋಣಿಸೋದನ್ನೇ ಮರೆತವೆ.”

“ನನ್ನ ತರಗತಿ ಹೋಗುತ್ತೆ ಕಣೇ.”

ಹೊಲಿಗೆ ಮಿಸ್ ಡಬ್ಬಿಯ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿದಳು. “ನಿಮ್ಮದ್ಯಾಕೆ ಹೋಗುತ್ತೆ? ನೀವು ಮಾಡಿಲ್ಲವಲ್ಲ!”

“ಅದನ್ನ ನಂಬೋರು ಯಾರು?”

ನಾದಿನಿ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದಳು. ಹೆಡ್‌ಮಿಸ್ ಬಾಗಿಲಲ್ಲಿ ಇಣುಕಿದರು.

“ಏನಾದ್ರೂ ಗೊತ್ತಾಯ್ತಾ?”

“ಕೂಡಿಸಿದ್ದಾರೆ. ಗುಣಿಸಿಲ್ಲ.”

“ಮಕ್ಕಳ ತಪ್ಪಲ್ವಾ ಅದು? ಹಾಗೆ ಯಾವಾಗ್ಲೂ ಕೂಡಿಸೋಳು ನಿಮ್ಮ ತರಗತೀಲೇ ಇದ್ದಾಳೆ. ಆ ಗಡಿಬಿಡಿ! ಕರೀರಿ ಅವಳನ್ನ.”

*

ಗಡಿಬಿಡಿ ಎಂದು ಅಡ್ಡಹೆಸರು ಬಿದ್ದ ಆ ಹುಡುಗಿ ಬರುವಾಗಲೇ ಹೊಸ್ತಿಲು ಎಡವಿದಳು. ದೊಡ್ಡ ಮಿಸ್ ಬಿಳಿ ರಟ್ಟು, ಸ್ಕೇಲು, ಬ್ಲೇಡು ಮುಂದಿಟ್ಟಳು.

“ಈ ಚಿಕ್ಕ ಬಾಗಿಲನ್ನ ಒಂದೂವರೆ ಪಟ್ಟು ದೊಡ್ಡದು ಮಾಡಿ ನಡುವೆ ಬರೆದು ಕೊಡು.”

ಹುಡುಗಿ ಬೆರಳು ಮಡಿಚಿ ಲೆಕ್ಕ ಹಾಕಿದಳು. “ಆರು. ಆಮೇಲೆ... ಹನ್ನೆರಡು.”

ದೊಡ್ಡ ಮಿಸ್ ಹುಬ್ಬೇರಿಸಿದಳು. “ಹತ್ತು ಅಲ್ವಾ?”

“ಮುಂಚೆ ಹತ್ತು ಅಂತಿದ್ದೆ ಮಿಸ್. ಹಂಗಂದ್ರೆ ಬಾಗಿಲಿಗೆ ಬೊಜ್ಜು ಬರುತ್ತೆ.”

“ಯಾರು ಹೇಳಿದ್ದು ಬೊಜ್ಜು ಅಂತ?”

ಹುಡುಗಿ ನೆಲ ನೋಡಿದಳು. “ಚಿಕ್ಕ ಮಿಸ್. ಸ್ಕೂಲ್ ಬಿಟ್ಮೇಲೆ ನಾನು ಅವರ ಹತ್ರ ಹೋಗ್ತೀನಿ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ದೊಡ್ಡ ಮಿಸ್‌ಗೆ ಯಾರೋ ಕಪಾಳಕ್ಕೆ ಬಿಟ್ಟ ಹಾಗಾಯಿತು. ಇಡೀ ವರ್ಷ ತನ್ನ ಬಾಯಿ ಒಣಗಿದರೂ ತಲೆಗೆ ಹೋಗದ್ದು, ಚಿಕ್ಕ ಮಿಸ್‌ಳ ಒಂದು ‘ಬೊಜ್ಜು’ ಮಾತಿಗೆ ಹೋಗಿ ಕೂತಿತ್ತು. ಹುಡುಗಿಯ ಮೇಲೆ ರೇಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ನಕಲಿ ಗೋಡೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಿದ್ದಳು.

“ಅಯ್ಯೋ, ಇದನ್ನ ಮಡಿಸಿದಾರೆ! ರಟ್ಟು ಮಡಿಸಿದ್ರೆ ನಿಲ್ಲಲ್ಲ ಅಂತ ಎ ವಿಭಾಗದಲ್ಲಿ ಎಲ್ಲರಿಗೂ ಗೊತ್ತು ಮಿಸ್. ಅದಕ್ಕೇ ಚಾವಣಿ ಬಿದ್ದಿರೋದು.”

ಚಾವಣಿಯ ಭಾರಕ್ಕೆ ಗೋಡೆ ಬಾಗಿತೆಂದು ಎಲ್ಲರೂ ಅಂದುಕೊಂಡಿದ್ದರು. ದೊಡ್ಡ ಮಿಸ್ ಗೋಡೆಯನ್ನು ಕಸಿದುಕೊಂಡು ನೋಡಿದಳು. ಭಾರಕ್ಕೆ ಬಾಗಿದ್ದರೆ ಗೆರೆ ಸೊಟ್ಟಗಿರಬೇಕಿತ್ತು. ಇದು ಉಗುರಿನಿಂದ ತೀಡಿದ ಹಾಗೆ ನೇರವಾಗಿತ್ತು. ಅದರ ಮೇಲ್ತುದಿಯಲ್ಲಿ, ಚಾವಣಿಯ ಅಡಿ ಮರೆಯಾಗುವ ಜಾಗದಲ್ಲಿ, ಕತ್ತರಿಯ ತುದಿಯಿಂದ ಹಾಕಿದ ಪುಟ್ಟ ಕಚ್ಚು. ಎಡಗಿಟಕಿಯ ಮೂಲೆಯಲ್ಲಿ ಕತ್ತರಿ ಜಾರಿದ ಗಾಯ. ಬಲಗಿಟಕಿಯ ಮೂಲೆಯಲ್ಲೂ ಅದೇ ಗಾಯ, ಕನ್ನಡಿಯಲ್ಲಿ ಕಂಡಂತೆ.

ಗೋಡೆಯನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಹಾಕಿದಳು.

“ನೀನು ತರಗತಿಗೆ ಹೋಗಮ್ಮ,” ಎಂದಳು. “ಬಾಗಿಲು ಸರಿಯಾಗಿದೆ.”

*

ಕಾರಿಡಾರಿನ ಕೊನೆಯಲ್ಲಿ ಅವಳು ಸುಮಾರು ಹೊತ್ತು ನಿಂತಳು. ಸುಮ್ಮನಿದ್ದರೆ ತರಗತಿ ಹೋಗುತ್ತದೆ. ಬಾಯಿ ಬಿಟ್ಟರೆ ಮನೆಯೊಳಗೆ ಮುಖ ಕೊಟ್ಟು ಮಾತಾಡುವುದು ಹೇಗೆ? ಕಿಟಕಿಯಾಚೆ ಚಿಕ್ಕ ಮಿಸ್ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೊಸ ರಟ್ಟು ಕತ್ತರಿಸುತ್ತಿದ್ದಳು. ಗಡಿಬಿಡಿಯೂ ಅಲ್ಲಿಗೇ ಹೋಗಿ, ಅವಳ ಭುಜಕ್ಕೆ ಒರಗಿ ಕೂತಿದ್ದಳು.

ಆ ಹುಡುಗಿಯನ್ನು ತನ್ನ ತರಗತಿಯಲ್ಲೇ ಉಳಿಸಿಕೊಳ್ಳಬೇಕು. ಬಿಟ್ಟುಕೊಡಲಾರೆ. ದೊಡ್ಡ ಮಿಸ್ ತಿರುಗಿ ಹೆಡ್‌ಮಿಸ್‌ರ ಕೋಣೆಗೆ ನಡೆದಳು.

*

ಕೋಣೆಯಲ್ಲಿ ಹೆಡ್‌ಮಿಸ್, ಚಿಕ್ಕ ಮಿಸ್, ಹೊಲಿಗೆ ಮಿಸ್, ಜವಾನ. ದೊಡ್ಡ ಮಿಸ್‌ಳನ್ನು ಬಿಟ್ಟರೆ ಗ್ರಂಥಾಲಯದ ಬೀಗದ ಕೈ ಇರುವ ಜಾಗ ಗೊತ್ತಿದ್ದವರು ಇಷ್ಟೇ ಜನ. ದೊಡ್ಡ ಮಿಸ್ ಎಲ್ಲರ ಮುಂದೆಯೂ ಒಂದೊಂದು ರಟ್ಟಿನ ತುಂಡು ಇಟ್ಟಳು. ನಡುವೆ ಸ್ಕೇಲು, ಕೈವಾರ, ಕತ್ತರಿ.

“ಇದರ ನಡುಮಧ್ಯ ಹುಡುಕಿ ಗುರುತು ಹಾಕಿ.”

“ಇದೇನು, ನನಗೂ ಪರೀಕ್ಷೆನಾ?” ಹೆಡ್‌ಮಿಸ್ ಗೊಣಗುತ್ತ ಸ್ಕೇಲು ಎತ್ತಿಕೊಂಡರು. ಚಿಕ್ಕ ಮಿಸ್ ಕೈವಾರ ಹಿಡಿದು ಎರಡು ಕಂಸ ಎಳೆದಳು. ಜವಾನ ಒಂದು ಕಣ್ಣು ಮುಚ್ಚಿ ಅಂದಾಜಿನಲ್ಲಿ ಹೆಬ್ಬೆರಳು ಊರಿದ.

ಹೊಲಿಗೆ ಮಿಸ್ ರಟ್ಟನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಮಡಿಕೆಯ ಮೇಲೆ ಉಗುರು ಎಳೆದಳು. ಕತ್ತರಿ ತೆಗೆದು ಮೇಲ್ತುದಿಗೆ ಕಚ್ ಎಂದು ಪುಟ್ಟ ಕಚ್ಚು ಹಾಕಿದಳು.

ಆಮೇಲೆ ಅವಳಿಗೆ ಗೊತ್ತಾಯಿತು. ಕತ್ತರಿ ಕೈಯಲ್ಲೇ ನಿಂತಿತು.

ದೊಡ್ಡ ಮಿಸ್ ನಕಲಿ ಗೋಡೆಯನ್ನು ಅದರ ಪಕ್ಕಕ್ಕೆ ಇಟ್ಟಳು. ಅದೇ ಮಡಿಕೆ. ಅದೇ ಕಚ್ಚು.

“ಬಟ್ಟೆಯಾದ್ರೆ ಮಡಿಸಿ ನಡು ಹುಡುಕ್ತಾರೆ, ಜೋಡಿ ಪದರವನ್ನ ಒಂದೇ ಸಲ ಕತ್ತರಿಸ್ತಾರೆ. ಅದಕ್ಕೇ ಕತ್ತರಿ ಒಂದು ಸಲ ಜಾರಿದ್ದು ಎರಡೂ ಕಿಟಕೀಲಿ ಕಾಣುತ್ತೆ. ಗೋಡೆ ಅಳತೆ ದೊಡ್ಡ ಮಾದರಿಯ ಖಾಲಿ ಜಾಗದಲ್ಲೇ ಸಿಕ್ತು, ಅದು ಸರಿ ಇದೆ. ಬಾಗಿಲು, ಕಿಟಕಿಗೆ ಮಾತ್ರ ಚಿಕ್ಕ ಮಾದರಿ ನೋಡಬೇಕಾಯ್ತು. ಹೊಲಿಯೋರು ಅಂಗಿ ಒಂದು ಸೈಜ್ ದೊಡ್ಡದು ಮಾಡೋದು ಹೇಗೆ? ಸುತ್ತಲೂ ಒಂದೇ ಸಮ ಅಂಚು ಬಿಡ್ತಾರೆ. ಇಲ್ಲೂ ಸುತ್ತ ಒಂದೊಂದು ಸೆಂಟಿಮೀಟರ್ ಬಿಟ್ಟಿದ್ದಾರೆ. ಅಂಗಿಗೆ ನಡೆಯುತ್ತೆ. ಬಾಗಿಲಿಗೆ ನಡೆಯಲ್ಲ. ಉದ್ದ, ಅಗಲ ಎರಡೂ ಒಂದೇ ಪಟ್ಟು ಬೆಳೀಬೇಕು. ಒಂದೇ ಅಷ್ಟು ಕೂಡಿಸಿದ್ರೆ ಆಕಾರಾನೇ ಬೇರೆ ಆಗುತ್ತೆ.”

ಅವಳು ನಾದಿನಿಯ ಮುಖ ನೋಡದೆ ಮಾತು ಮುಗಿಸಿದಳು.

“ನಾನು ಕಿತ್ತುಹಾಕ್ಬೇಕು ಅಂತ ಹೋಗಿರ್ಲಿಲ್ಲ,” ಎಂದಳು ಹೊಲಿಗೆ ಮಿಸ್. “ನೋಡೋಣ ಅಂತ ಹೋದೆ. ಅಷ್ಟು ಚೆನ್ನಾಗಿತ್ತು. ನನ್ನ ಪೀರಿಯಡ್ಡಲ್ಲಿ ಕಟ್ಟಿದ್ದು. ಸಿಟ್ಟು ಬಂದು ಗೋಡೆಗೆ ಕೈ ಹಾಕಿ ಎಳೆದೆ. ಹರಿದೋಯ್ತು. ಹರಿದದ್ದನ್ನ ಬಚ್ಚಿಟ್ಟು ಗೇಟಿಗೆ ಬಂದ್ರೆ ಜವಾನ, ‘ಈಗ ತಾನೆ ನಿಮ್ಮ ಅತ್ತಿಗೆ ಒಬ್ರೇ ಗ್ರಂಥಾಲಯದಲ್ಲಿ ಮಾದರಿ ನೋಡಿಕೊಂಡು ಹೋದ್ರು’ ಅಂದ. ನನ್ನ ಎದೆ ಧಸಕ್ಕಂತು. ನಿಮ್ಮ ತಲೆಗೆ ಬರುತ್ತೆ ಅಂತಾನೇ ಕೂತು ಹೊಸದು ಮಾಡಿದೆ ಅತ್ತಿಗೆ. ಹರಿದದ್ದು ಹೊಲಿಗೆ ಕೋಣೆ ಚಿಂದಿ ಚೀಲದಲ್ಲಿದೆ.”

“ಬೆಳಗ್ಗೆನೇ ಹೇಳಬಾರದಿತ್ತಾ?”

“ಹೆದರಿಕೆಯಾಯ್ತು. ಮತ್ತೆ... ದಿನಾ ದಾರೀಲಿ ನೀವೂ ಅಂತಿದ್ರಲ್ಲ. ಅದು ಬಿದ್ದು ಪುಡಿಯಾಗಬಾರದಾ ಅಂತ.”

ಹೆಡ್‌ಮಿಸ್ ದೊಡ್ಡ ಮಿಸ್ ಕಡೆ ತಿರುಗಿದರು.

“ಅಂತಿದ್ದೆ,” ಎಂದಳು ದೊಡ್ಡ ಮಿಸ್. “ಅದೂ ನಿಜ.”

ಚಿಕ್ಕ ಮಿಸ್‌ಳೇ ಎದ್ದಳು. “ನಿಮ್ಮ ಪೀರಿಯಡ್ ಕೇಳುವಾಗ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ನಾನು. ನೇರ ಮೇಡಂ ಹತ್ರ ಹೋದೆ.” ಹೊಲಿಗೆ ಮಿಸ್ ತಲೆ ಎತ್ತಲಿಲ್ಲ. ಹೆಡ್‌ಮಿಸ್ ಅವಳನ್ನು ಅಲ್ಲೇ ಕೂರಿಸಿಕೊಂಡು ಉಳಿದವರನ್ನು ಹೊರಗೆ ಕಳಿಸಿದರು. “ಬಿ ವಿಭಾಗ ನಿಮ್ಮದೇ,” ಎಂದರು ದೊಡ್ಡ ಮಿಸ್‌ಗೆ, ಬಾಗಿಲು ಮುಚ್ಚುವ ಮುಂಚೆ.

*

ತೀರ್ಪುಗಾರರು ಬರುವ ಹೊತ್ತಿಗೆ ಹೊಸ ಗೋಡೆ ನಿಂತಿತ್ತು. ಅಂಟು ಇನ್ನೂ ಹಸಿಯಿತ್ತು. ನಕಲಿ ಗೋಡೆಯನ್ನು ಚಿಕ್ಕ ಮಿಸ್ ಎಸೆಯದೆ ಪಕ್ಕದಲ್ಲೇ ಒರಗಿಸಿಟ್ಟಿದ್ದಳು.

“ಇದೇನು, ಈ ಕುಳ್ಳ ಬಾಗಿಲು?” ತೀರ್ಪುಗಾರರೊಬ್ಬರು ಕೇಳಿದರು.

“ಅದನ್ನ ನಮ್ಮ ದೊಡ್ಡ ಮಿಸ್ ವಿವರಿಸ್ತಾರೆ,” ಎಂದಳು ಚಿಕ್ಕ ಮಿಸ್.

ದೊಡ್ಡ ಮಿಸ್ ಮೊದಲು ತಡವರಿಸಿದಳು. ಆಮೇಲೆ ಎರಡು ಬಾಗಿಲುಗಳ ಮೇಲೂ ಬೆರಳಿಟ್ಟು ಶುರುಮಾಡಿದಳು. ಕೂಡಿಸಿದರೆ ಏನಾಗುತ್ತದೆ, ಗುಣಿಸಿದರೆ ಏನಾಗುತ್ತದೆ. ಹೆಸರು ಯಾರದೂ ತೆಗೆಯಲಿಲ್ಲ. “ಬಾಗಿಲಿಗೆ ಬೊಜ್ಜು ಬಂದಿದೆ” ಎಂದಾಗ ಎರಡೂ ವಿಭಾಗದ ಮಕ್ಕಳು ಗೊಳ್ಳೆಂದರು. ಅವಳ ಮಾತಿಗೆ ಮಕ್ಕಳು ಹಾಗೆ ನಕ್ಕಿದ್ದು ಅವಳಿಗೆ ನೆನಪೇ ಇರಲಿಲ್ಲ. ತೀರ್ಪುಗಾರರು ಮಾದರಿ ಬಿಟ್ಟು ಅವಳ ಸುತ್ತ ಸೇರಿದರು. ಮಕ್ಕಳು ಮುಂದೆ ನುಗ್ಗಿ ಬಂದರು. ಗಡಿಬಿಡಿ ಎಲ್ಲರಿಗಿಂತ ಮುಂದೆ.

ಸುತ್ತ ಕಣ್ಣಾಡಿಸುವಾಗ ದೊಡ್ಡ ಮಿಸ್‌ಗೆ ಚಿಕ್ಕ ಮಿಸ್ ಕಂಡಳು. ಗುಂಪಿನ ಹಿಂದೆ, ಒಬ್ಬಳೇ, ಕೈಕಟ್ಟಿ ನಿಂತಿದ್ದಳು. ತುಟಿ ನಗುತ್ತಿತ್ತು. ಕಣ್ಣು ನಗುತ್ತಿರಲಿಲ್ಲ, ಒಂದೊಂದೇ ಮಗುವಿನ ಮುಖವನ್ನು ಎಣಿಸುವ ಹಾಗೆ ನೋಡುತ್ತಿತ್ತು.

ಆ ನೋಟ ದೊಡ್ಡ ಮಿಸ್‌ಗೆ ಚೆನ್ನಾಗಿ ಪರಿಚಯವಿತ್ತು. ಅದನ್ನು ಒಳಗಿನಿಂದ ಬಲ್ಲವಳು ಅವಳು.

ಮನಸ್ಸಿಗೆ ಹಿತವಾಯಿತು, ಸುಳ್ಳು ಯಾಕೆ. ಎರಡು ಕಿಟಕಿಗಳ ಕಥೆ ಮುಗಿಯುವ ತನಕ ಆ ಹಿತವನ್ನು ಅನುಭವಿಸಿದಳು. ಆಮೇಲೆ ಸ್ಕೇಲನ್ನು ಮಕ್ಕಳ ತಲೆಗಳ ಮೇಲಿಂದ ಚಾಚಿ ಕರೆದಳು.

“ಬನ್ನಿ ಮಿಸ್. ಕಂಬದ ನೆರಳಿನ ಲೆಕ್ಕ ನನಗೆ ಬರಲ್ಲ. ಅದನ್ನ ನೀವೇ ಹೇಳಿ.”