ಇಪ್ಪತ್ತರ ಗಾಜು

ಹದಿನಾಲ್ಕು ಹಳೆಯ ಬೆಳ್ಳಿ ನಾಣ್ಯಗಳನ್ನು, ಚೆನ್ನಾಗಿದ್ದರೂ ಸವಕಲು ಎಂದು ಚೀಟಿ ಬರೆದು, ಕರಗಿಸುವ ಬೆಳ್ಳಿಯ ದರಕ್ಕೆ ಒಬ್ಬ ದರ್ಜಿ ಹೆಂಗಸಿನಿಂದ ಕೊಂಡುಕೊಳ್ಳಲಾಯಿತು.

ಅದು ಮಾರ್ಚ್ ಮೂರರ ಮಾತು. ಆಕೆ ಠಾಣೆಗೆ ಬಂದದ್ದು ಏಪ್ರಿಲ್ ಹತ್ತೊಂಬತ್ತು, ಶನಿವಾರ ಬೆಳಿಗ್ಗೆ 10.20ಕ್ಕೆ. ಅಳತೆಯ ಟೇಪು ಕುತ್ತಿಗೆಯಲ್ಲಿ ಹಾಗೇ ನೇತಾಡುತ್ತಿತ್ತು.

"ನನ್ನ ನಾಣ್ಯದಲ್ಲಿ ಒಂದು, ಕೊಂಡವರ ಅಂಗಡಿ ಕಿಟಕೀಲಿ ಕೂತಿದೆ ಸಾರ್."

"ಮಾರಿದ ಮೇಲೆ ಅದು ಅವರದ್ದು ತಾನೇ?" ಇನ್ಸ್‌ಪೆಕ್ಟರ್ ಕೇಳಿದ.

"ನಾನು ಮಾರುವಾಗ ಸವಕಲು. ಈಗ ಉತ್ತಮ ಅಂತ ಚೀಟಿ ಅಂಟಿಸಿದಾರೆ. ಒಂದೂವರೆ ತಿಂಗಳಲ್ಲಿ ನಾಣ್ಯ ಮೈ ತುಂಬ್ಕೊಳ್ತಾ?"

ಪಕ್ಕದ ಮೇಜಿನ ದಫೇದಾರ ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡ.

"ಅದು ನಿಮ್ಮದೇ ಅನ್ನೋಕೆ ಗುರುತು?"

"ರಾಜನ ಕಿವಿ ಕೆಳಗೆ ಒಂದು ಚುಕ್ಕೆ ಇದೆ. ಎಂಟು ವರ್ಷದವಳಿದ್ದಾಗ ಸರಕ್ಕೆ ಪದಕ ಮಾಡ್ಕೊಳ್ಳೋಣ ಅಂತ ಅಮ್ಮನ ಹೊಲಿಗೆ ಮಿಷನ್ನಿನ ಸೂಜಿ ಇಳಿಸಿದ್ದೆ. ಸೂಜಿ ಮುರೀತು. ತಿಂದ ಏಟು ಇನ್ನೂ ನೆನಪಿದೆ."

"ಸವೆದಿದೆ ಅಂದಾಗ ನೀವು ಒಪ್ಪಿದ್ರಲ್ಲ?"

"ಅವರೇ ಭೂತಗನ್ನಡಿ ಕೈಗೆ ಕೊಟ್ಟು, ನೀವೇ ನೋಡಿ ಅಂದ್ರು. ನೋಡಿದ್ರೆ ಮೈಯೆಲ್ಲ ಗೀರು, ಹೊಂಡ. ಇಂಥದ್ದನ್ನ ಹೊತ್ಕೊಂಡು ಬಂದ್ನಲ್ಲ ಅಂತ ನನಗೇ ನಾಚಿಕೆ ಆಯ್ತು."

11.40ಕ್ಕೆ ವಂಚನೆಯ ಎಫ್‌ಐಆರ್ ದಾಖಲಾಯಿತು.

ಸೋಮವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಇನ್ಸ್‌ಪೆಕ್ಟರ್, ದಫೇದಾರ ಮತ್ತು ಇಬ್ಬರು ಪಂಚರು ಹಳೆ ನಾಣ್ಯದ ಅಂಗಡಿಯ ಮುಂದೆ ನಿಂತಿದ್ದರು. ಪಂಚರಲ್ಲಿ ಒಬ್ಬ ಎದುರಿನ ಗಡಿಯಾರ ರಿಪೇರಿಯವ, ಇನ್ನೊಬ್ಬ ಪತ್ರಿಕೆ ಮಾರುವವ. ಕಿರಿದಾದ ಅಂಗಡಿ. ಮುಂದೆ ಗಾಜಿನ ಕೌಂಟರ್, ಹಿಂದೆ ಪ್ಲೈವುಡ್ ಮರೆ. ಕೌಂಟರಿನ ಮೇಲೆ ಹೆಬ್ಬೆರಳಿನಷ್ಟು ಅಗಲದ ಒಂದು ಭೂತಗನ್ನಡಿಗೆ ಸರಪಣಿ ಹಾಕಿ ಮೊಳೆ ಹೊಡೆದಿತ್ತು.

"ಬನ್ನಿ ಸಾರ್, ಕೂತ್ಕೊಳ್ಳಿ. ವರ್ತಕರ ಸಂಘದ ಕಾರ್ಯದರ್ಶಿ ನಾನೇ," ಎಂದ ಮಾಲೀಕ. ಅರವತ್ತರ ಆಸುಪಾಸಿನವ, ಇಸ್ತ್ರಿ ಕೆಡದ ಅಂಗಿ. "ದರ್ಜೆ ನೋಡಿ ಚೀಟಿ ಬರೆಯೋದು ನಾನಲ್ಲ. ನನ್ನ ತಮ್ಮನ ಹೆಂಡ್ತಿ. ತಮ್ಮ ಹೋಗ್ಬಿಟ್ಟ, ಇವಳನ್ನ ನಾನೇ ಸಾಕ್ತಿದೀನಿ."

ಮರೆಯ ಹಿಂದೆ ಸರಳಿನ ಕಿಟಕಿಯ ಕೆಳಗೆ ಆಕೆ ಕೂತಿದ್ದಳು. ಐವತ್ತು ದಾಟಿರಬಹುದು. ಕಿಟಕಿಯ ಹೊರಗೆ ಎರಡು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಮೇಜಿನ ಮೇಲೆ ಓರೆಯಾಗಿ ಬಗ್ಗಿಸಿದ ದೀಪ, ಕಪ್ಪು ಬಟ್ಟೆ, ಪೆನ್ಸಿಲ್, ರಬ್ಬರ್.

"ಎಷ್ಟು ವರ್ಷದಿಂದ ಈ ಕೆಲಸ?"

"ಇಲ್ಲಿ ಒಂಬತ್ತು. ಅದಕ್ಕೆ ಮುಂಚೆ ಅಪ್ಪನ ಜೊತೆ."

"ಮನೆ ಎಲ್ಲಿ?"

ಆಕೆ ಬೆರಳೆತ್ತಿ ಮೇಲಕ್ಕೆ ತೋರಿಸಿದಳು. ಮರೆಯ ಪಕ್ಕದಿಂದಲೇ ಕಬ್ಬಿಣದ ಏಣಿ ಅಟ್ಟಕ್ಕೆ ಹೋಗುತ್ತಿತ್ತು. ದಫೇದಾರ ಹತ್ತಿ ಹೋಗಿ ಇಳಿದು ಬಂದ. ಹಾಸಿಗೆ, ಒಲೆ, ಬಚ್ಚಲು. ಅಲ್ಲಿಯ ಕಿಟಕಿಗೂ ಸರಳು.

"ಆಚೆ ಹೋಗೋ ದಾರಿ ಯಾವುದಮ್ಮಾ?"

"ಷಟರ್."

"ಬೀಗ?"

ಉತ್ತರ ಮಾಲೀಕನಿಂದ ಬಂತು. "ನನ್ನ ಹತ್ರ. ಸಂಜೆ ಎಂಟಕ್ಕೆ ಹಾಕಿ ಬೆಳಿಗ್ಗೆ ಒಂಬತ್ತಕ್ಕೆ ತೆಗೀತೀನಿ. ಇಷ್ಟು ಬೆಳ್ಳಿ ಇರೋ ಕಡೆ ಬೀಗ ಹಾಕದೆ ಆಗತ್ತಾ?"

"ಒಳಗೆ ಮನುಷ್ಯರಿದ್ರೂ?"

"ನಮ್ಮ ಮನೆಯವಳೇ ಅಲ್ವಾ ಸಾರ್."

ಷಟರಿಗೆ ಹೊರಗಿನಿಂದ ಮಾತ್ರ ಬೀಗ ಹಾಕಲು ಬರುತ್ತದೆ ಎಂಬುದನ್ನು ಇನ್ಸ್‌ಪೆಕ್ಟರ್ ಬರೆದುಕೊಂಡ. ದೂರಿನಲ್ಲಿ ಅದರ ಪ್ರಸ್ತಾಪ ಇರಲಿಲ್ಲ.

ಬೀದಿ ಕಡೆಯ ಗಾಜಿನ ಕಿಟಕಿಯಲ್ಲಿದ್ದ ನಾಣ್ಯವನ್ನು ಪಂಚರ ಮುಂದೆ ತೆಗೆದರು. ಕಿವಿಯ ಕೆಳಗೆ ಚುಕ್ಕೆ ಇತ್ತು. ಇನ್ಸ್‌ಪೆಕ್ಟರ್ ಸರಪಣಿಯ ಗಾಜಿನಲ್ಲಿ ನೋಡಿದ. ರಾಜನ ಮುಖವೇ ಕಾಣಲಿಲ್ಲ. ಕೆನ್ನೆಯ ಒಂದು ತುಣುಕು, ಅದರ ಮೇಲೆ ಉತ್ತ ಹೊಲದಂತೆ ಗೀರುಗಳು.

"ಇದು ಸವಕಲೇ ಅಲ್ವಾ?"

ಆಕೆ ತನ್ನ ಮೇಜಿನಿಂದ ಅಂಗೈಯಗಲದ ಇನ್ನೊಂದು ಗಾಜು ತಂದು ಕೊಟ್ಟಳು. "ಅದು ಇಪ್ಪತ್ತು ಪಟ್ಟು ದೊಡ್ಡದು ಮಾಡತ್ತೆ. ಇದು ಐದು. ಇದರಲ್ಲಿ ನೋಡಿ, ದೀಪ ಓರೆ ಇರ್ಲಿ."

ಈಗ ಇಡೀ ನಾಣ್ಯ ಒಟ್ಟಿಗೆ ಕಂಡಿತು. ರಾಜನ ಕೂದಲು ಎಳೆ ಎಳೆಯಾಗಿತ್ತು.

"ಸವೆತ ಮೊದಲು ಎತ್ತರದ ಜಾಗ ತಿನ್ನತ್ತೆ," ಎಂದಳು ಆಕೆ. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ದನಿ ಗಟ್ಟಿಯಾಗಿತ್ತು. "ಕಿವಿ ಮೇಲಿನ ಕೂದಲು, ಕೆನ್ನೆ, ಕಿರೀಟದ ಏಣು. ಅಲ್ಲಿ ಗೆರೆ ನಿಂತಿದ್ರೆ ಉತ್ತಮ. ಎಲ್ಲ ಮಟ್ಟಸವಾಗಿ ನೆರಳಿನ ಥರ ಉಳಿದಿದ್ರೆ ಸವಕಲು. ಗೀರು ಬೇರೆ, ಸವೆತ ಬೇರೆ."

"ಇಪ್ಪತ್ತರದ್ದು ಯಾಕೆ ಹಾಗಾದ್ರೆ?"

"ನಕಲಿ ಹಿಡಿಯೋಕೆ. ಒಂದು ಅಕ್ಷರ, ಒಂದು ಅಂಚು ನೋಡೋಕೆ. ಅದರಲ್ಲಿ ನೋಡಿದ್ರೆ ಟಂಕಸಾಲೆಯಿಂದ ಈಗ ಬಂದದ್ದೂ ಹಾಳಾಗಿ ಕಾಣತ್ತೆ."

"ಗಿರಾಕಿ ಕೈಗೆ ಯಾಕೆ ಅದನ್ನೇ ಕೊಡ್ತೀರಾ?"

ಆಕೆ ಮಾಲೀಕನ ಕಡೆ ನೋಡಿದಳು.

ದಫೇದಾರ ಸರಪಣಿಯ ಗಾಜಿನಲ್ಲಿ ತನ್ನ ಉಗುರನ್ನು ನೋಡಿಕೊಂಡು ಬೆಚ್ಚಿದ. "ಸಾರ್, ಹೆಣ್ಣು ನೋಡೋಕೆ ಹೋದ ದಿನ ನಮ್ಮ ಅತ್ತೆ ಕೈಲಿ ಇದಿದ್ದಿದ್ರೆ ನಾನಿನ್ನೂ ಬ್ರಹ್ಮಚಾರಿ."

ಪಂಚನಾಮೆಯಲ್ಲಿ ವಿವರ ಬರೆಯಲೆಂದು ಇನ್ಸ್‌ಪೆಕ್ಟರ್ ನಾಣ್ಯದ ಅಡಿಯಲ್ಲಿ ಇಟ್ಟಿದ್ದ ಕಾಗದದ ಲಕೋಟೆಯನ್ನು ಪೂರ್ತಿ ಬಿಚ್ಚಿದ. ಒಳಮಡಿಕೆಯಲ್ಲಿ ಪೆನ್ಸಿಲ್ ಅಕ್ಷರ: 'ಉತ್ತಮ. ಕಿವಿ ಕೆಳಗೆ ಚುಕ್ಕೆ. 3 ಮಾರ್ಚ್.' ಹೊರಗೆ 'ಉತ್ತಮ' ಎಂದು ಅಚ್ಚು ಹಾಕಿದ ಹೊಸ ಚೀಟಿ. ದಫೇದಾರ ಅದರ ತುದಿಯನ್ನು ಉಗುರಿನಿಂದ ಎಬ್ಬಿಸಿದ. ಅಡಿಯಲ್ಲಿ ಅದೇ ಕೈಬರಹ, ಶಾಯಿಯಲ್ಲಿ: 'ಸವಕಲು. 3 ಮಾರ್ಚ್.'

"ಒಳಗೊಂದು, ಹೊರಗೊಂದು. ಏನಿದು?"

"ಅಪ್ಪ ಕಲಿಸಿದ ಪದ್ಧತಿ," ಎಂದಳು ಆಕೆ. "ಮೊದಲ ನೋಟ ಒಳಗೆ ಬರೀಬೇಕು. ಆಮೇಲೆ ಇನ್ನೊಮ್ಮೆ ನೋಡಿ ಹೊರಗೆ. ನಮಗೆ ನಾವೇ ಮೋಸ ಮಾಡ್ಕೋಬಾರ್ದು ಅಂತ."

ಮಾಲೀಕ ಲಕೋಟೆಯನ್ನೇ ನೋಡುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನು ಒಂದನ್ನೂ ಬಿಚ್ಚಿರಲಿಲ್ಲ.

"ಮಾರೋವಾಗಲೂ ಹಳೆ ಲಕೋಟೆನೇ?" ಇನ್ಸ್‌ಪೆಕ್ಟರ್ ಕೇಳಿದ.

"ಹೊಸದು ಯಾಕೆ ಸುಮ್ನೆ ದಂಡ ಅಂತ..." ಎಂದ ಮಾಲೀಕ ಅರ್ಧಕ್ಕೆ ಬಾಯಿ ಮುಚ್ಚಿದ.

ಕಪಾಟಿನಲ್ಲಿ ಅಂಥ ಇನ್ನೂ ಮೂವತ್ತೊಂದು ಲಕೋಟೆ ಸಿಕ್ಕವು. ಎಲ್ಲವನ್ನೂ ಜಪ್ತಿ ಮಾಡಿ, ಅಂಗಡಿಗೆ ಒಬ್ಬ ಕಾನ್‌ಸ್ಟೇಬಲನನ್ನು ಕಾವಲಿಟ್ಟು, ಇಬ್ಬರನ್ನೂ ಠಾಣೆಗೆ ಕರೆತಂದರು.

3.30ಕ್ಕೆ ಮೇಲಧಿಕಾರಿಯ ಫೋನು ಬಂತು. "ಆ ಹೆಂಗಸಿಗೆ ಕಣ್ಣಲ್ಲಿ ಪೊರೆಯಂತಲ್ರೀ. ಗೊತ್ತಾಗದೆ ತಪ್ಪಾಗಿದೆ, ಮೋಸ ಏನಿಲ್ಲ. ಹೇಳಿಕೆ ತಗೊಂಡು ಇಬ್ಬರನ್ನೂ ಮನೆಗೆ ಕಳಿಸಿ."

"ಸಾರ್, ಲಕೋಟೆ..."

"ನಾಲ್ಕು ವರ್ಷದಲ್ಲಿ ಎಷ್ಟು ವರ್ಗಾವಣೆ ನಿಮ್ದು?"

"ಮೂರು, ಸಾರ್."

ಫೋನು ಇಟ್ಟಾಗಿತ್ತು. ನಾಲ್ಕು ಗಂಟೆಗೆ ಮಾಲೀಕನ ವಕೀಲರ ಗುಮಾಸ್ತ ಆಕೆಯ ಹೆಸರಲ್ಲಿ ಟೈಪು ಮಾಡಿದ ಹೇಳಿಕೆ ತಂದಿಟ್ಟು ಹೋದ. ಅದರಲ್ಲಿ, ತನಗೆ ದೃಷ್ಟಿ ಮಂದವಾಗಿದೆ, ನಾಣ್ಯ ಸರಿಯಾಗಿ ಕಾಣದೆ ತಪ್ಪು ದರ್ಜೆ ಬರೆದೆ, ಭಾವನವರಿಗೆ ಏನೂ ತಿಳಿಯದು ಎಂದಿತ್ತು.

"ಸಹಿ ಹಾಕಮ್ಮ," ಎಂದ ಮಾಲೀಕ. "ಎಂಟರೊಳಗೆ ಮನೆ ಸೇರ್ಕೊಳ್ಳೋಣ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ಆಕೆಯ ಮುಂದಿಟ್ಟ. ತಲೆ ಎತ್ತಲಿಲ್ಲ. "ಹಾಕಿಬಿಡಿ ಅಮ್ಮಾ. ಹಾಕಿದ್ರೆ ಯಾರ ಮೇಲೂ ಕೇಸಿಲ್ಲ. ಹಾಕದಿದ್ರೆ ಇವರ ಜೊತೆ ನೀವೂ ಆರೋಪಿ. ಚೀಟಿಯೆಲ್ಲ ನಿಮ್ಮ ಕೈಬರಹ."

ಆಕೆ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಎದುರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. "ಅದರ ಕೆಳಗೆ ಮುದ್ರಣಾಲಯದ ಫೋನ್ ನಂಬರಿದೆ. ಎರಡು, ಏಳು, ನಾಲ್ಕು, ನಾಲ್ಕು, ಒಂಬತ್ತು, ಸೊನ್ನೆ."

ದಫೇದಾರ ಎದ್ದು ಹೋಗಿ ಕ್ಯಾಲೆಂಡರಿಗೆ ಮೂಗು ತಾಗಿಸಿ ಓದಿದ. "ಒಂದೂ ತಪ್ಪಿಲ್ಲ ಸಾರ್. ಕೂತಲ್ಲಿಂದ ನನಗೇ ಕಾಣ್ತಿರ್ಲಿಲ್ಲ."

"ನನ್ನ ಕಣ್ಣು ಸರಿಯಾಗಿದೆ," ಎಂದಳು ಆಕೆ. "ಸವೆದಿಲ್ಲ ಅಂತ ಗೊತ್ತಿದ್ದೂ ಸವಕಲು ಅಂತ ಬರೆದೆ. ಹಾಗೇ ಬರ್ಕೊಳ್ಳಿ."

"ಹುಚ್ಚು ಹಿಡೀತಾ ನಿಂಗೆ? ಅನ್ನ ಹಾಕಿದ ಮನೆಗೆ..." ಮಾಲೀಕ ಎದ್ದು ನಿಂತ.

"ಕೂತ್ಕೊಳ್ರೀ," ಎಂದ ಇನ್ಸ್‌ಪೆಕ್ಟರ್. ಟೈಪು ಮಾಡಿದ ಹಾಳೆಯನ್ನು ನೋಡಿದ, ಫೋನನ್ನು ನೋಡಿದ. ಆಮೇಲೆ ಖಾಲಿ ಹಾಳೆ ಎಳೆದುಕೊಂಡ.

4.50ಕ್ಕೆ ಶುರುವಾದ ಹೇಳಿಕೆ 6.15ಕ್ಕೆ ಮುಗಿಯಿತು.

"ಸುಳ್ಳು ಅಂತ ಗೊತ್ತಿದ್ದೂ ಯಾಕೆ ಬರೆದ್ರಿ?"

"ಮೊದಲ ವರ್ಷ ಒಂದ್ಸಲ ಬರೆಯಲ್ಲ ಅಂದೆ. ಮಾರನೇ ದಿನ ಷಟರ್ ತೆಗೀಲಿಲ್ಲ. ಅದರ ಮಾರನೇ ದಿನವೂ ತೆಗೀಲಿಲ್ಲ. ಒಳಗಿಂದ ಬಡಿದೆ. ಬೀದೀಲಿ ಜನ ಓಡಾಡೋದು ಕೇಳಿಸ್ತಿತ್ತು. ಮೂರನೇ ದಿನ ತೆಗೆದು, ಬರೀತೀಯಾ ಅಂದ್ರು."

"ಒಳಗಿನ ಬರಹ ಅಳಿಸಬಹುದಿತ್ತಲ್ಲ? ರಬ್ಬರ್ ಮೇಜಿನ ಮೇಲೇ ಇತ್ತು."

"ಇತ್ತು," ಎಂದಳು ಆಕೆ.

6.30ಕ್ಕೆ ಮಾಲೀಕನನ್ನು ಬಂಧಿಸಲಾಯಿತು. ವಂಚನೆಯ ಜೊತೆಗೆ ಅಕ್ರಮ ಬಂಧನದ ಆರೋಪವೂ ಸೇರಿತು. ಆಕೆಯನ್ನು ಕೂಡಿಹಾಕುವುದು ಯಾಕೆ ಬೇಕಿತ್ತು ಎಂದು ದಫೇದಾರ ಕೇಳಿದ್ದಕ್ಕೆ ಅವನು, "ಬೇರೆ ಕಡೆ ಹೋಗಿ ಕೂತ್ರೆ? ಅವಳಂಥ ಕಣ್ಣು ಈ ಊರಲ್ಲಿ ಇನ್ನೊಂದಿಲ್ಲ," ಎಂದ. ಒಂಬತ್ತು ವರ್ಷದಲ್ಲಿ ಆಕೆಯ ಬಗ್ಗೆ ಅವನಾಡಿದ ಮೆಚ್ಚುಗೆಯ ಮಾತು ಅದೊಂದೇ. ಬೆಂಚಿನ ಮೇಲಿದ್ದ ಆಕೆಗೂ ಕೇಳಿಸಿತು.

ಆಕೆ ಎರಡನೆಯ ಆರೋಪಿ. ಅಷ್ಟರಲ್ಲಿ ಹೊತ್ತು ಮುಳುಗಿತ್ತು, ಆಮೇಲೆ ಹೆಂಗಸನ್ನು ಬಂಧಿಸುವಂತಿರಲಿಲ್ಲ. ಮರುದಿನ ಹತ್ತಕ್ಕೆ ಹಾಜರಾಗಬೇಕೆಂಬ ನೋಟಿಸಿಗೆ ಸಹಿ ಹಾಕಿ ಕೊಟ್ಟಳು. ಆ ಸಹಿಗೆ ಕೈ ತಡೆಯಲಿಲ್ಲ.

ಮಾಲೀಕನ ಜೇಬು ತಪಾಸಣೆ ಮಾಡುವಾಗ ಬೀಗದ ಕೈ ಸಿಕ್ಕಿತು.

"ಅದನ್ನ ಅವಳ ಕೈಗೆ ಕೊಡಿ," ಎಂದ ಅವನು. "ಅಂಗಡಿ ಬಾಯಿ ತೆಗೆದು ಬಿದ್ದಿದೆ. ಏಯ್, ಹೋಗಿ ಒಳಗಿರು. ಇವರಿಗೆ ಹೇಳಿ ಆಚೆಯಿಂದ ಬೀಗ ಹಾಕಿಸ್ಕೋ. ನಾಳೆ ಬಂದು ತೆಗೀತೀನಿ."

ಇನ್ಸ್‌ಪೆಕ್ಟರ್ ಬೀಗದ ಕೈಯನ್ನು ಮೇಜಿನ ಮೇಲೆ ಆಕೆಯ ಕಡೆಗೆ ಸರಿಸಿದ. "ಹೋಗಿ ಬನ್ನಿ ಅಮ್ಮಾ. ದಫೇದಾರ ಮನೆವರೆಗೆ ಬಿಡ್ತಾನೆ."

ಆಕೆ ಅದನ್ನು ಮುಟ್ಟಲಿಲ್ಲ. ಬೆಂಚಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕೂತಳು. ಎದುರಿಗೆ ಠಾಣೆಯ ಬಾಗಿಲು ಬೀದಿಗೆ ತೆರೆದಿತ್ತು.

"ನಾನು ಹೋಗಲ್ಲ," ಎಂದಳು.