ಇನ್ನು ನನ್ನ ಕೈ ಬೇಡ

"ನೋವಾಯ್ತಾ?"

ಬೆನ್ನ ಮೇಲಿದ್ದ ಅಂಗೈ ಥಟ್ಟನೆ ನಿಂತಿತು.

"ಇಲ್ಲ ಡಾಕ್ಟ್ರೇ..."

"ಮತ್ತೆ ಯಾಕೆ ಅಳ್ತಿದೀರಿ?"

ಕವುಚಿ ಮಲಗಿದವರು ಮುಖ ಇಡಲೆಂದು ಆ ಮೇಜಿನಲ್ಲಿ ಒಂದು ತೂತು ಕೊರೆದಿದ್ದರು. ಅದರೊಳಗಿಂದ ಅವಳ ಕಣ್ಣೀರು ನೇರವಾಗಿ ನೆಲಕ್ಕೆ, ಅವರ ಕಪ್ಪು ಬೂಟಿನ ಪಕ್ಕಕ್ಕೆ ತೊಟ್ಟಿಕ್ಕುತ್ತಿತ್ತು.

ಡಾಕ್ಟರು ಕೈ ತೆಗೆಯಲಿಲ್ಲ. ಒತ್ತಲೂ ಇಲ್ಲ. ಅಳು ತಾನಾಗಿ ಮುಗಿಯುವ ತನಕ ಆ ಬೆಚ್ಚಗಿನ ಅಂಗೈ ಅವಳ ಬೆನ್ನ ಮೇಲೆ ಸುಮ್ಮನೆ ಇತ್ತು.

ಹನ್ನೊಂದು ವರ್ಷ! ಗಂಡ ತೀರಿಹೋದ ಮೇಲೆ ಈ ಬೆನ್ನನ್ನು ಒಬ್ಬರೂ ಮುಟ್ಟಿರಲಿಲ್ಲ. ಅವಳು ಟೈಲರ್. ಬೆಳಗಿನಿಂದ ಸಂಜೆಯವರೆಗೆ ಟೇಪು ಹಿಡಿದು ಊರವರ ಭುಜ, ತೋಳು, ಸೊಂಟ ಎಲ್ಲವನ್ನೂ ಮುಟ್ಟಿ ಅಳತೆ ತೆಗೆಯುವವಳು. ಅವಳ ಅಳತೆ ಕೇಳುವವರು ಯಾರೂ ಇರಲಿಲ್ಲ.

ಅದನ್ನು ಹೇಗೆ ಹೇಳುವುದು? ಹೇಳಿದರೆ ಏನಂದುಕೊಂಡಾರು!

ಅಂದ ಹಾಗೆ, ಅರವತ್ತೆರಡರ ಹೆಂಗಸನ್ನು 'ಅವಳು' ಎನ್ನಬಹುದೇ ಎಂದು ನನ್ನ ಮೇಲೆ ಜಗಳಕ್ಕೆ ಬರಬೇಡಿ. ಆ ಮೇಜಿನ ಮೇಲೆ ಅಳುತ್ತಿದ್ದಾಗ ಅವಳಿಗೆ ಅಷ್ಟು ವಯಸ್ಸಾದ ಹಾಗಿರಲಿಲ್ಲ. ಈ ವಯಸ್ಸಿನಲ್ಲಿ ಪ್ರೀತಿಯಾ ಎಂದು ಮೂಗು ಮುರಿಯುವವರು ಬೇಕಾದರೆ ಇಲ್ಲಿಗೇ ಓದು ನಿಲ್ಲಿಸಬಹುದು.

"ಏಳಿ, ನಿಧಾನ..." ಎಂದರು ಡಾಕ್ಟರು. "ಮೊದಲು ಎಕ್ಸ್-ರೇ ತೆಗೆಸ್ಕೊಂಡು ಬನ್ನಿ. ಮೂಳೆ ಹೇಗಿದೆ ಅಂತ ನೋಡದೆ ನಾನು ಏನೂ ಮಾಡಲ್ಲ."

ಬೀದಿಯವರು ಅವರನ್ನು ಬೆನ್ನು ಡಾಕ್ಟ್ರು ಎನ್ನುತ್ತಿದ್ದರು. ಅವರು ಆಪರೇಷನ್ ಮಾಡುತ್ತಿರಲಿಲ್ಲ, ಔಷಧಿ ಬರೆಯುತ್ತಿರಲಿಲ್ಲ. ಬೆನ್ನು, ಕತ್ತು, ಸೊಂಟದ ಬಿಗಿಯನ್ನು ಕೈಯಿಂದಲೇ ಬಿಡಿಸುತ್ತಿದ್ದರು. ಬಾಗಿಲ ಮೇಲೆ 'ಕೈರೊಪ್ರಾಕ್ಟರ್' ಎಂಬ ಫಲಕವಿತ್ತು. ಬರುವವರಲ್ಲಿ ಮುಕ್ಕಾಲು ಪಾಲು ಅರವತ್ತು ದಾಟಿದವರು.

"ಕೈ-ರೊ... ಹೆಸರಲ್ಲೇ ಕೈ ಇದೆ ನೋಡಿ ಅತ್ತಿಗೆ!" ಎಂದು ನಾದಿನಿ ನಕ್ಕಿದ್ದಳು. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಜೊತೆಯಲ್ಲೇ ಉಳಿದುಕೊಂಡವಳು ಅವಳು. ಅಂಗಡಿಯಲ್ಲಿ ಕಾಜಾ, ಗುಂಡಿ, ಇಸ್ತ್ರಿ ಎಲ್ಲ ಅವಳದೇ.

*

ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗೆ ಎರಡು ಸಲ ನೋಡಿದರು.

"ಮೂಳೆ ತುಂಬ ತೆಳುವಾಗಿದೆ. ಎಷ್ಟು ವರ್ಷದಿಂದ ಬಗ್ಗಿ ಹೊಲೀತಿದೀರಿ?"

"ನಲವತ್ತು."

"ಗಿಡ್ಡ ಆಗ್ತಿದೀರಿ ಅಂತ ಗೊತ್ತಾ?"

ಗೊತ್ತಿತ್ತು! ಮೂರು ವರ್ಷದಲ್ಲಿ ಎರಡು ಸಲ ತನ್ನ ಬಟ್ಟೆಗಳ ಅಂಚನ್ನು ಮೇಲಕ್ಕೆ ಮಡಚಿ ಹೊಲಿದಿದ್ದಳು. ನಾದಿನಿ ಮಲಗಿದ ಮೇಲೆ ಗೋಡೆಗೆ ಒರಗಿ ಟೇಪು ಹಿಡಿದೂ ನೋಡಿದ್ದಳು. ಒಂದೂವರೆ ಇಂಚು ಹೋಗಿತ್ತು. ಯಾರಿಗೂ ಹೇಳಿರಲಿಲ್ಲ.

"ಹಾಗಾದ್ರೆ... ಮೂಳೆ ಹಿಡಿದು ಲಟಕ್ ಅನ್ನಿಸಲ್ವಾ ನೀವು? ಎಲ್ರೂ ಹಾಗೇ ಹೇಳ್ತಿದ್ರು."

"ನಿಮ್ಮ ಬೆನ್ನಿಗಾ? ನನಗೇನು ತಲೆ ಕೆಟ್ಟಿದೆಯಾ! ನಿಮಗೆ ಬರೀ ಅಂಗೈ. ಇಲ್ಲಾಂದ್ರೆ ಇದು." ಪೆನ್ನಿನಂಥ ಸಣ್ಣ ಸಾಧನವೊಂದನ್ನು ಅವಳ ಭುಜಕ್ಕೆ ಮುಟ್ಟಿಸಿದರು. ಟಿಕ್ ಎಂದಿತು.

"ಇಷ್ಟೇನಾ? ನಮ್ಮ ಗುಂಡಿ ಒತ್ತೋ ಮಿಷನ್ನೇ ಇದಕ್ಕಿಂತ ಜೋರಾಗಿ ಕೂಗುತ್ತೆ ಡಾಕ್ಟ್ರೇ!"

ಅವರು ನಕ್ಕರು. ಹೆಂಡತಿ ತೀರಿಹೋಗಿ ಏಳು ವರ್ಷವಾಗಿದ್ದ ಆ ಮನುಷ್ಯ ಅಷ್ಟು ಜೋರಾಗಿ ನಕ್ಕಿದ್ದನ್ನು ಕೇಳಿ, ಹೊರಗೆ ಕೂತಿದ್ದ ಜೂನಿಯರ್ ಡಾಕ್ಟರಮ್ಮ ಬಾಗಿಲಿನಿಂದ ಇಣುಕಿ ನೋಡಿದಳು.

ಅಲ್ಲಿಂದ ಪ್ರತಿ ಮಂಗಳವಾರ, ಶುಕ್ರವಾರ.

ಅವರದೊಂದು ಕ್ರಮವಿತ್ತು. ಕತ್ತಿನ ಬುಡದಲ್ಲಿ ಉಬ್ಬಿದ ಮೂಳೆಯ ಕೆಳಗಿನಿಂದ ಬೆರಳಿಟ್ಟು, ಒಂದೊಂದೇ ಮೂಳೆ ಇಳಿಯುತ್ತ ಮೆಲ್ಲಗೆ ಎಣಿಸುವರು. ಒಂದು... ಎರಡು... ಮೂರು... ಸೊಂಟದ ತನಕ ಹದಿನೇಳು. ಎಣಿಸುವಾಗ ಮಾತಿಲ್ಲ. ಎಲ್ಲಿ ಬಿಗಿ, ಎಲ್ಲಿ ಮುಟ್ಟಲೇಬಾರದು ಎಂಬುದೆಲ್ಲ ಆ ಎಣಿಕೆಯ ಮೇಲೆ ನಿಂತಿತ್ತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ಒಂದು ದಿನ ಸ್ವಲ್ಪ ಜಂಬದಿಂದಲೇ ಹೇಳಿದ್ದರು.

"ನಾನೂ ಹೊಲಿಗೆ ಬಿಚ್ಚದೆ ನಲವತ್ತು ವರ್ಷ ಆಯ್ತು," ಎಂದಳು ಅವಳು.

"ಸುಳ್ಳು!"

"ಸುಳ್ಳೇ," ಎಂದು ಒಪ್ಪಿಕೊಂಡಳು. ಇಬ್ಬರೂ ನಕ್ಕರು.

ನೋವು ಪೂರ್ತಿ ಹೋಗಲಿಲ್ಲ. ಆದರೆ ಅರ್ಧ ಗಂಟೆ ಕೂರಲಾಗದವಳು ಒಂದು ಗಂಟೆ ಮಿಷನ್ ಮುಂದೆ ಕೂತಳು. ಗೋಡೆಗೆ ಬೆನ್ನು ಕೊಟ್ಟು ನಿಂತು, ಗದ್ದ ಹಿಂದಕ್ಕೆಳೆದು, ಅವರು ಹೇಳಿಕೊಟ್ಟ ವ್ಯಾಯಾಮವನ್ನು ತಪ್ಪದೆ ಮಾಡಿದಳು.

"ಅತ್ತಿಗೆ, ಬೆನ್ನು ತೋರಿಸೋಕೆ ಹೋಗೋರು ಯಾರಾದ್ರೂ ಕನ್ನಡಿ ಮುಂದೆ ಕಾಲು ಗಂಟೆ ಮುಖ ನೋಡ್ಕೋತಾರಾ?"

"ಬಾಯ್ಮುಚ್ಚು!"

ಮುಖವೇನೋ ಕೆಂಪಾಯಿತು. ಒಳಗೆ ಮಾತ್ರ ಭಯ. 'ನನಗೇನಾಗಿದೆ? ಅವರು ಎಲ್ಲರನ್ನೂ ಹಾಗೇ ಮುಟ್ತಾರೆ. ಅದು ಅವರ ಕೆಲಸ. ನಾನು ಟೇಪು ಹಿಡಿದ ಹಾಗೆ...'

*

ಒಂದು ಶುಕ್ರವಾರ.

"...ಏಳು... ಎಂಟು... ಒಂಬತ್ತು..."

ಬೆರಳು ನಿಂತಿತು.

ಮತ್ತೆ ಮೇಲಿನಿಂದ. ಒಂದು... ಎರಡು... ಈ ಸಲ ಆರಕ್ಕೇ ನಿಂತಿತು. ಅವರ ಉಸಿರು ಅವಳಿಗೆ ಕೇಳುತ್ತಿತ್ತು.

"ಏನಾಯ್ತು ಡಾಕ್ಟ್ರೇ? ಮೂಳೆ ಮುರಿದಿದೆಯಾ?"

"ಇಲ್ಲ. ಇಲ್ಲ... ಒಂದು ನಿಮಿಷ."

ಕೈ ಸರಿಯಿತು. ಬಾಗಿಲು ಮುಚ್ಚಿದ ಸದ್ದು. ಸ್ವಲ್ಪ ಹೊತ್ತಿಗೆ ಬಂದದ್ದು ಜೂನಿಯರ್ ಡಾಕ್ಟರಮ್ಮ.

ಮಂಗಳವಾರವೂ ಅವಳೇ. "ಅಮ್ಮ, ಇನ್ಮೇಲೆ ನಿಮ್ಮನ್ನ ನಾನೇ ನೋಡ್ತೀನಿ. ಸರ್ ಹೇಳಿದ್ದಾರೆ."

"ಯಾಕಂತೆ?"

"ನನಗೂ ಹೇಳಿಲ್ಲ ಅಮ್ಮ."

ಡಾಕ್ಟರಮ್ಮ ಕೈ ತೊಳೆಯಲು ತಿರುಗಿದಾಗ ಮೇಜಿನ ಮೇಲೆ ಫೈಲು ತೆರೆದೇ ಇತ್ತು. ದುಂಡನೆಯ, ಗುರುತು ಸಿಗುವ ಅಕ್ಷರ. ಕೆಳಗೆ ಗೆರೆ ಬೇರೆ ಎಳೆದಿದ್ದರು.

*ಈ ಪೇಷೆಂಟ್‌ಗೆ ಇನ್ನು ನನ್ನ ಕೈ ಬೇಡ.*

ಅವಳು ಅದನ್ನೇ ಎರಡು ಸಲ ಓದಿದಳು.

ಗೊತ್ತಾಗಿಬಿಟ್ಟಿದೆ! ಅಂಗೈ ತಾಗಿದ ಕೂಡಲೇ ತಾನು ಉಸಿರು ಹಿಡಿಯುತ್ತಿದ್ದದ್ದು, ಮುಗಿಯುವುದೇ ಬೇಡ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದದ್ದು... ಬೆನ್ನು ಓದುವವರಿಗೆ ಅಷ್ಟೂ ಗೊತ್ತಾಗದೆ ಇರುತ್ತದೆಯೇ? ಈ ಗೂನುಬೆನ್ನಿನ ಮುದುಕಿ ನನ್ನ ಕೈಗೆ ಆಸೆಪಟ್ಟಳಲ್ಲ ಎಂದು ಅವರಿಗೆ ಅಸಹ್ಯವಾಗಿದೆ. ಅದಕ್ಕೇ ಗೆರೆ ಎಳೆದು ಬರೆದಿದ್ದಾರೆ!

ನಾಚಿಕೆಗೆ ಅವಳಿಗೆ ಅಲ್ಲೇ ಇಂಗಿಹೋಗಬೇಕೆನಿಸಿತು. ಡಾಕ್ಟರಮ್ಮ ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಅವಳು ಮೆಟ್ಟಿಲು ಇಳಿದಾಗಿತ್ತು.

*

ಅವಳು ಮತ್ತೆ ಹೋಗಲಿಲ್ಲ.

ಕ್ಲಿನಿಕ್ಕಿನಿಂದ ಫೋನು ಬಂದರೆ ಎತ್ತಲಿಲ್ಲ. ಗೋಡೆಯ ಹತ್ತಿರ ನಿಲ್ಲಲಿಲ್ಲ. ಯಾರಿಗಾಗಿ ನೆಟ್ಟಗಾಗಬೇಕು? ನಾದಿನಿ ಕೇಳಿದಾಗಲೆಲ್ಲ ಒಂದೇ ಮಾತು. "ಗುಣ ಆಯ್ತು ಕಣೇ."

ಎಂಟನೆಯ ವಾರ, ಅಂಗಡಿಯಲ್ಲಿ ಒಂದು ಬಟ್ಟೆಯ ಥಾನು ಎತ್ತಲು ಬಗ್ಗಿದಳು. ದೊಡ್ಡದೇನಲ್ಲ. ಬೆನ್ನೊಳಗೆ ಏನೋ ಕುಸಿಯಿತು. ಕಿರುಚಲೂ ಉಸಿರಿರಲಿಲ್ಲ.

ಆಸ್ಪತ್ರೆಯಲ್ಲಿ ಹೇಳಿದರು: ಬೆನ್ನುಮೂಳೆಯೊಂದು ನುಚ್ಚಾಗಿ ತಗ್ಗಿದೆ. ಪಟ್ಟಿ ಕಟ್ಟಿ, ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಆಮೇಲೆ ಹಾಸಿಗೆ, ಕಿಟಕಿ, ಎದುರು ಮನೆಯ ಗೋಡೆ. ಮಗ್ಗುಲಾಗಲೂ ನಾದಿನಿಯ ಕೈ ಬೇಕು. ಕೆಳಗೆ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಂತುಹೋಗಿತ್ತು. ಹೊಲಿಯದೆ ಉಳಿದ ಬಟ್ಟೆಗಳನ್ನು ಜನ ಒಬ್ಬೊಬ್ಬರಾಗಿ ಬಂದು ವಾಪಸ್ ಒಯ್ದರು.

'ಇಷ್ಟೇ. ಇನ್ನು ಇಷ್ಟೇ...' ಎಂದುಕೊಂಡಳು. ಅಳುವುದಕ್ಕೂ ಬೆನ್ನು ಬಿಡುತ್ತಿರಲಿಲ್ಲ. ಬಿಕ್ಕಿದರೆ ಪ್ರಾಣ ಹೋಗುವಷ್ಟು ನೋವು.

ಆ ಮಧ್ಯಾಹ್ನ ನಾದಿನಿ ಅವಳ ತಲೆ ಬಾಚುತ್ತಿದ್ದಳು.

"ಅತ್ತಿಗೆ, ನಿಜ ಹೇಳಿ. ಅಲ್ಲಿಗೆ ಹೋಗೋದು ಯಾಕೆ ಬಿಟ್ರಿ?"

ಹೇಳಿದಳು. ಎಲ್ಲವನ್ನೂ. ಮೊದಲ ದಿನದ ಅಳುವಿನಿಂದ ಹಿಡಿದು ಫೈಲಿನ ಗೆರೆಯವರೆಗೆ. ಹೇಳಿ, ಗೋಡೆಯ ಕಡೆ ಮುಖ ಮಾಡಿದಳು. "ನಿಮ್ಮಣ್ಣನಿಗೆ ದ್ರೋಹ ಮಾಡ್ದೆ ಅಂತ ಬೈಯಿ. ಬೈದುಬಿಡು..."

ಬಾಚಣಿಗೆ ನಿಂತಿತು.

"ಹನ್ನೊಂದು ವರ್ಷ ಯಾರೂ ಮುಟ್ಟಿಲ್ಲ ಅಂದ್ರಲ್ಲ..." ನಾದಿನಿ ಬಾಚಣಿಗೆ ಕೆಳಗಿಟ್ಟಳು. "ನಾನೂ ಇದೇ ಮನೇಲಿದ್ದೆ ಅತ್ತಿಗೆ. ನನಗೆ ಯಾಕೆ ಹೊಳೀಲಿಲ್ಲ?"

ಅವಳು ಅತ್ತಿಗೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ?"

"ಆ ಮನುಷ್ಯನಿಗೆ ಎರಡು ಮಾತು ಅಂದು ಬರ್ತೀನಿ!"

"ಬೇಡ ಕಣೇ! ನನ್ನ ಮಾನ..."

ಕೇಳುವವಳಲ್ಲ ಅವಳು. ಬಾಗಿಲು ದಢಾರೆಂದಿತು.

*

ಒಂದು ಗಂಟೆಯ ಮೇಲೆ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದು ಕೇಳಿಸಿತು. ನಾದಿನಿಯದಲ್ಲ. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತುವ ಹೆಜ್ಜೆ.

ಡಾಕ್ಟರು ಬಾಗಿಲಲ್ಲೇ ನಿಂತರು. ಕೋಟು ಹಾಕಿರಲಿಲ್ಲ. ಎರಡೂ ಕೈ ಜೇಬಿನಲ್ಲಿ. ಹಾಸಿಗೆ ನೋಡಿದರು, ಪಟ್ಟಿ ನೋಡಿದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾಕೆ ಬಂದ್ರಿ?" ಎಂದಳು ಅವಳು. "ನಿಮ್ಮ ಕೈ ಬೇಡ ಅಂತ ನೀವೇ ಬರೆದಿದ್ರಲ್ಲ."

"ಹೌದು. ಬರೆದೆ."

"ಅಷ್ಟು ಹೇಸಿಗೆ ಆಯ್ತಾ...?"

"ಹೇಸಿಗೆಯಾ?!" ಅವರ ದನಿ ಒಡೆಯಿತು. "ಅಯ್ಯೋ... ನೀವು ಹಾಗೆ ಓದಿದ್ರಾ ಅದನ್ನ?"

"ಇನ್ನು ಹೇಗೆ ಓದಬೇಕಿತ್ತು?"

ಅವರು ಬಾಗಿಲ ಚೌಕಟ್ಟಿಗೆ ಒರಗಿದರು.

"ಆ ದಿನ ನನಗೆ ಎಣಿಕೆ ತಪ್ಪಿತು. ಒಂದಲ್ಲ, ಎರಡು ಸಲ. ನನ್ನ ಬೆರಳು ಮೂಳೆ ಹುಡುಕ್ತಿರ್ಲಿಲ್ಲ... ನಿಮ್ಮನ್ನ ಹುಡುಕ್ತಿತ್ತು. ನೀವು ನೋವು ಅಂತ ನನ್ನ ನಂಬಿ ಕಣ್ಮುಚ್ಚಿ ಮಲಗಿದೋರು. ಅಂಥವರ ಬೆನ್ನ ಮೇಲೆ ಕೈ ಇಟ್ಟು ನಾನು ಬೇರೇನೋ ನೆನೆಸ್ಕೊಂಡ್ರೆ ಅದು ಮೋಸ. ನಮ್ಮ ಕೆಲಸದಲ್ಲಿ ಇಷ್ಟ ಆದೋರಿಗೆ ನಾವು ಕೈ ಇಡೋ ಹಾಗಿಲ್ಲ. ಅದಕ್ಕೆ ಬರೆದೆ."

ಅವಳು ದಿಂಬಿನ ಮೇಲೆ ತಲೆ ಹೊರಳಿಸಿ ಅವರ ಮುಖ ನೋಡಿದಳು.

"ಡಾಕ್ಟ್ರಾಗಿ ನಿಮ್ಮನ್ನ ನೋಡೋದು ಬಿಟ್ಟು, ಒಂದು ವಾರ ಕಳೆದು, ಬರೀ ಮನುಷ್ಯನಾಗಿ ನಿಮ್ಮ ಅಂಗಡಿಗೆ ಬರೋಣ ಅಂತಿದ್ದೆ. ಎರಡು ಸಲ ಬೀದಿ ತುದಿ ತನಕ ಬಂದೂ ಇದ್ದೆ. ಫೋನು ಎತ್ತಲಿಲ್ಲ ನೀವು. ಅವರಿಗೆ ಬೇಡ ಅನ್ನಿಸಿದೆ, ಈ ವಯಸ್ಸಲ್ಲಿ ಹಿಂದೆ ಬೀಳೋದು ಮರ್ಯಾದೆ ಅಲ್ಲ ಅಂದ್ಕೊಂಡು ತಿರುಗಿ ಹೋದೆ." ಅವರ ಕಣ್ಣು ತುಂಬಿತ್ತು. "ಮುಖಕ್ಕೆ ಮುಖ ಕೊಟ್ಟು ಒಂದು ಮಾತು ಹೇಳಿದ್ರೆ ನೀವು ವ್ಯಾಯಾಮ ಬಿಡ್ತಿರ್ಲಿಲ್ಲ. ಇದು... ಇದು ಆಗ್ತಿರ್ಲಿಲ್ಲವೇನೋ. ನನ್ನಿಂದಾಗಿ..."

"ಹೋಗ್ಲಿ ಬಿಡಿ," ಎಂದಳು. ಹೋಗುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ಡಾಕ್ಟ್ರಾಗಿ ಒಂದೇ ಒಂದು ನಿಜ ಹೇಳಿ. ಇದು ಸರಿ ಹೋಗುತ್ತಾ?"

"ನೋವು ಕಡಿಮೆ ಆಗುತ್ತೆ. ಮೂಳೆ ಮೊದಲಿನ ಹಾಗಾಗಲ್ಲ."

"ಮಿಷನ್ನು?"

ಅವರು ತಲೆಯಾಡಿಸಿದರು. ಇಲ್ಲ.

ನಲವತ್ತು ವರ್ಷ! ಅವಳು ಕಣ್ಣು ಮುಚ್ಚಿಕೊಂಡಳು. ಬಿಕ್ಕಬಾರದೆಂದು ತುಟಿ ಕಚ್ಚಿದಳು. ಆದರೂ ಬಿಕ್ಕು ಬಂತು, ನೋವು ಮೈಯೆಲ್ಲ ಹರಿಯಿತು. ಅವರು ಓಡಿ ಬಂದರು. ಜೇಬಿನಿಂದ ತೆಗೆದ ಕೈ ಅವಳ ಮೈ ತಾಗದೆ ಗಾಳಿಯಲ್ಲೇ ನಿಂತಿತು.

"ಹಿಡೀಲಾ?" ಎಂದರು. ಡಾಕ್ಟರಾಗಿ ಮೂವತ್ತೊಂದು ವರ್ಷ ಎಷ್ಟೋ ಜನರ ಮೈ ಮುಟ್ಟಿದ ಮನುಷ್ಯ ಅವಳ ಒಪ್ಪಿಗೆಗೆ ಕಾದು ನಿಂತರು.

ಅವಳು ತಾನೇ ಆ ಕೈ ಹಿಡಿದುಕೊಂಡಳು.

ಕೆಳಗೆ ಅಂಗಡಿಯ ಬಾಗಿಲು ತೆರೆದ ಸದ್ದಾಯಿತು. ನಾದಿನಿ ಬಂದಿದ್ದಳು, ಮೇಲೆ ಹತ್ತಲಿಲ್ಲ.

"ನಾನು ಇನ್ನೂ ಬಗ್ಗಿಹೋಗ್ತೀನಿ, ಅಲ್ವಾ?" ಎಂದು ಕೊನೆಗೆ ಕೇಳಿದಳು. "ಸುಳ್ಳು ಹೇಳ್ಬೇಡಿ."

"ಹೋಗ್ತೀರಿ."

"ಒಂದಿನ ನೆಲ ಬಿಟ್ರೆ ಏನೂ ಕಾಣಲ್ಲ ನನಗೆ. ನಿಮ್ಮ ಮುಖವೂ ಕಾಣಲ್ಲ."

"ನಾನು ನೆಲದ ಮೇಲೆ ಕೂತ್ಕೋತೀನಿ."

ಅವಳು ಅಳುತ್ತಲೇ ನಕ್ಕಳು. "ಮೆಟ್ಟಿಲು ಹತ್ತೋಕೇ ಅಷ್ಟೊತ್ತು ಬೇಕಾಯ್ತು ನಿಮ್ಮ ಮಂಡಿಗೆ. ಕೂತ್ರೆ ಏಳೋಕೆ ಆಗುತ್ತಾ?"

"ಏಳೋದು ಯಾಕೆ?" ಎಂದರು ಅವರು.